ಭಾನುವಾರದ ಆ ಎರಡು ನಿಮಿಷ

ನಮ್ಮ ಸಭೆಯ ಭಾನುವಾರದ ಆರಾಧನೆಯಲ್ಲಿ ಯಾರೂ ಅಷ್ಟಾಗಿ ಕಿವಿಗೊಡದ ಎರಡು ನಿಮಿಷಗಳಿವೆ. ಸಭಾಪಾಲಕರು ರಾಷ್ಟ್ರಪತಿ, ಪ್ರಧಾನಮಂತ್ರಿ, ರಾಜ್ಯಪಾಲರು, ಮುಖ್ಯಮಂತ್ರಿ, ನ್ಯಾಯಾಧೀಶರು ಎಂದು ಒಬ್ಬೊಬ್ಬರನ್ನೇ ದೇವರ ಮುಂದೆ ನೆನೆಯುತ್ತಾ ಹೋಗುತ್ತಾರೆ. ನಾವು ಅಭ್ಯಾಸಬಲದಿಂದ ಆಮೆನ್ ಅನ್ನುತ್ತೇವೆ. ಅಷ್ಟರಲ್ಲಿ ಒಬ್ಬರು ಕಾಣಿಕೆಗೆ ಚಿಲ್ಲರೆ ಹುಡುಕುತ್ತಿರುತ್ತಾರೆ, ಇನ್ನೊಬ್ಬರು ಅಳುವ ಮಗುವನ್ನೆತ್ತಿಕೊಂಡು ಹೊರಗೆ ಹೊರಟಿರುತ್ತಾರೆ. ಸರ್ಕಾರ ಉರುಳಿದರೂ ಈ ಪ್ರಾರ್ಥನೆ ನಿಲ್ಲುವುದಿಲ್ಲ, ಹೆಸರು ಮಾತ್ರ ಬೇರೆಯಾಗುತ್ತದೆ. ಇದೊಂದು ಶಿಷ್ಟಾಚಾರ ಎಂದೇ ಬಹಳ ವರ್ಷ ನಾನೂ ತಿಳಿದಿದ್ದೆ. ಈಗ ಹಾಗನ್ನಿಸುವುದಿಲ್ಲ. ಆಳುವವರ ಬಗ್ಗೆ ಕ್ರೈಸ್ತ ಸಭೆಗೆ ಹೇಳಲಿರುವುದರಲ್ಲಿ ಬಹುಪಾಲು ಆ ಎರಡು ನಿಮಿಷದಲ್ಲೇ ಅಡಗಿದೆ. ಯಾರಿಗಾಗಿ ಪ್ರಾರ್ಥಿಸುತ್ತೇವೋ ಅವರೂ ನಮ್ಮಂತೆಯೇ ಕೈಯೊಡ್ಡಿ ನಿಂತವರು. ಇವರಿಗೆ ವಿವೇಕ ಕೊಡು, ಆಮಿಷಕ್ಕೆ ಬೀಳದಂತೆ ಕಾಪಾಡು ಎಂದು ಬೇಡಿದ ಬಾಯಿಂದಲೇ ಅವರನ್ನು ನಮ್ಮ ರಕ್ಷಕರು ಅನ್ನುವುದು ಹೇಗೆ?

ಅರಸರಿಗಾಗಿ, ಅಧಿಕಾರದಲ್ಲಿರುವವರಿಗಾಗಿ ಬೇಡಿರಿ ಎಂಬ ಮಾತು ತಿಮೊಥೆಯನಿಗೆ ಬರೆದ ಮೊದಲ ಪತ್ರದಲ್ಲಿದೆ. ಆಗ ಆಳುತ್ತಿದ್ದವನು ರೋಮಿನ ಕೈಸರ. ಅವನಿಗೆ ಕ್ರೈಸ್ತರ ಮೇಲೆ ಪ್ರೀತಿಯೇನೂ ಇರಲಿಲ್ಲ. ಆದರೂ ಅವರು ಬೇಡಿದರು. 197ರ ಸುಮಾರಿಗೆ ಕಾರ್ಥೇಜಿನ ತೆರ್ತುಲಿಯನ್ ಬರೆದ ಸಮರ್ಥನಾ ಗ್ರಂಥದಲ್ಲಿ ಈ ಬೇಡಿಕೆಗಳ ಪಟ್ಟಿಯೇ ಇದೆ: ಚಕ್ರವರ್ತಿಗೆ ದೀರ್ಘಾಯುಸ್ಸು, ಭದ್ರವಾದ ಆಳ್ವಿಕೆ, ಧೀರ ಸೈನ್ಯ, ನಂಬಿಕೆಗೆ ತಕ್ಕ ಸೆನೆಟ್. ಇಷ್ಟೆಲ್ಲ ಬೇಡಿಯೂ ಅವನನ್ನು ದೇವರೆಂದು ಕರೆಯಲು ಮಾತ್ರ ಆತ ಒಪ್ಪಲಿಲ್ಲ. ಅದಕ್ಕೂ ಮೊದಲೇ, ಸ್ಮುರ್ನದ ಮುದಿ ಬಿಷಪ್ ಪೊಲಿಕಾರ್ಪನನ್ನು ಹಿಡಿದು ತಂದ ಅಧಿಕಾರಿಗಳು ಗಾಡಿಯಲ್ಲಿ ಪಕ್ಕಕ್ಕೆ ಕೂರಿಸಿಕೊಂಡು ಪುಸಲಾಯಿಸಿದ್ದರು. ಕೈಸರನೇ ಕರ್ತ ಎಂದು ಒಂದು ಮಾತು ಅಂದು, ಚಿಟಿಕೆ ಧೂಪ ಹಾಕಿದರೆ ಗಂಟೇನು ಹೋಗುತ್ತದೆ ಎಂಬ ಧಾಟಿಯ ಮಾತು. ಬೆದರಿಕೆಗಿಂತ ಈ ಸ್ನೇಹದ ದನಿಯೇ ಅಪಾಯದ್ದು. ಅಜ್ಜ ಜಗ್ಗಲಿಲ್ಲ. ಊರ ಜನರ ಮುಂದೆ ಅವನನ್ನು ಸುಟ್ಟರು.

ಬರೀ ಒಂದು ಮಾತಿಗೆ ಪ್ರಾಣ ಕೊಡುವುದೇ ಎಂದು ಈಗ ಅನ್ನಿಸಬಹುದು. ಆ ಮಾತಿಗೆ ಆಗ ಎಷ್ಟು ತೂಕವಿತ್ತು ಎಂಬುದಕ್ಕೆ ಒಂದು ಶಾಸನವಿದೆ. ಕ್ರಿಸ್ತಪೂರ್ವ 9ರಲ್ಲಿ ರೋಮಿನ ಏಷ್ಯಾ ಪ್ರಾಂತದ ಪ್ರತಿನಿಧಿ ಸಭೆ ಕೈಸರ ಔಗುಸ್ತನ ಹುಟ್ಟುಹಬ್ಬದಿಂದಲೇ ಹೊಸ ವರ್ಷ ಎಣಿಸಬೇಕೆಂದು ತೀರ್ಮಾನಿಸಿತು. ಇಂದಿನ ತುರ್ಕಿಯ ಪ್ರಿಯೇನೆಯಲ್ಲಿ ಸಿಕ್ಕ ಆ ಕಲ್ಲಿನ ಮೇಲೆ ಔಗುಸ್ತನು ಯುದ್ಧ ನಿಲ್ಲಿಸಿದ ರಕ್ಷಕ. ಅವನ ಹುಟ್ಟು ಲೋಕಕ್ಕೆ ಸುವಾರ್ತೆ. ರಕ್ಷಕ, ಸುವಾರ್ತೆ: ಎರಡಕ್ಕೂ ಅಲ್ಲಿರುವ ಗ್ರೀಕ್ ಪದಗಳು ಹೊಸ ಒಡಂಬಡಿಕೆಯಲ್ಲಿ ಬರುವವೇ. ಇದು ಗೊತ್ತಾದ ಮೇಲೆ ಕ್ರಿಸ್‌ಮಸ್ ಕಥೆ ಬೇರೆಯಾಗಿ ಕೇಳಿಸುತ್ತದೆ. ಲೂಕನು ಶುರುಮಾಡುವುದೇ ಔಗುಸ್ತನ ಖಾನೇಷುಮಾರಿ ಆಜ್ಞೆಯಿಂದ. ಆಮೇಲೆ, ಆ ಚಕ್ರವರ್ತಿಯ ಬಿರುದನ್ನು ಕಿತ್ತು ದನದ ಗೋದಲಿಯಲ್ಲಿ ಮಲಗಿದ ಕೂಸಿಗೆ ಕೊಡುತ್ತಾನೆ. ನಾವು ಅದನ್ನು ಮಕ್ಕಳ ನಾಟಕ ಮಾಡಿ, ಕುರಿಮರಿಗೆ ಹತ್ತಿ ಅಂಟಿಸಿ, ಹರಿತವನ್ನೆಲ್ಲ ಮೊಂಡು ಮಾಡಿದ್ದೇವೆ.

ಆ ಬಿರುದನ್ನು ತಿರುಗಿ ಆಳುವವನ ಕೈಗೆ ಕೊಟ್ಟ ಸಭೆ ಜರ್ಮನಿಯದು. ನಮಗೆ ಅದು ದೂರದ ಕಥೆಯಲ್ಲ. 1834ರಿಂದ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಷನ್ನಿನವರಲ್ಲಿ ಎಷ್ಟೋ ಮಂದಿ ಜರ್ಮನರೇ. ಜರ್ಮನ್ ಭಾಷೆಯಲ್ಲಿ ಹೈಲ್ ಎಂದರೆ ಕ್ಷೇಮ, ರಕ್ಷಣೆ. ಲೂಥರನ ಬೈಬಲಿನಲ್ಲಿ ರಕ್ಷಕ ಅನ್ನುವುದಕ್ಕೆ ಇರುವ ಹೈಲಾಂಡ್ ಎಂಬ ಪದವೂ ಅದರ ಕುಲದ್ದೇ. ಬೀದಿಯಲ್ಲಿ ಕೈಯೆತ್ತಿ ಹೈಲ್ ಹಿಟ್ಲರ್ ಅಂದವರೆಲ್ಲ ಅರ್ಥ ಯೋಚಿಸಿ ಅಂದರೆಂದಲ್ಲ. ಆದರೆ ಸಭೆಗೆ ಕೇಳಿಸಬೇಕಿತ್ತು. ಮಹಾಯುದ್ಧದ ಸೋಲು, 1923ರ ಹಣದುಬ್ಬರ, ಆಮೇಲೆ 60 ಲಕ್ಷ ನಿರುದ್ಯೋಗಿಗಳು: ಮುಳುಗುವವನಿಗೆ ಕಂಡ ಹುಲ್ಲುಕಡ್ಡಿಯೇ ತೆಪ್ಪ. 1933ರ ಜನವರಿ 30ರಂದು ಹಿಟ್ಲರ್ ಚಾನ್ಸಲರ್ ಆದ. ಎರಡು ದಿನದ ಬಳಿಕ ಬರ್ಲಿನ್ ಬಾನುಲಿಯಲ್ಲಿ ಡೀಟ್ರಿಶ್ ಬಾನ್‌ಹಾಫರ್ ಎಂಬ 26ರ ಹರೆಯದ ದೇವಶಾಸ್ತ್ರಜ್ಞ, ಜನರ ವಿಗ್ರಹವಾಗಲು ಒಪ್ಪುವ ನಾಯಕನು ಜನರನ್ನು ದಾರಿ ತಪ್ಪಿಸುವವನೇ ಆಗುತ್ತಾನೆ ಎಂಬ ಅರ್ಥದ ಭಾಷಣ ಓದುತ್ತಿದ್ದ. ಮುಗಿಯುವ ಮೊದಲೇ ಪ್ರಸಾರ ನಿಂತಿತು. ಅದೇ ವರ್ಷ ಜುಲೈನಲ್ಲಿ ನಡೆದ ಕ್ರೈಸ್ತ ಸಭೆಯ ಚುನಾವಣೆಯಲ್ಲಿ ಹಿಟ್ಲರನ ಬೆಂಬಲವಿದ್ದ 'ಜರ್ಮನ್ ಕ್ರೈಸ್ತರು' ಎಂಬ ಪಂಗಡ ಭಾರಿ ಬಹುಮತದಿಂದ ಗೆದ್ದಿತು. ಹಿಟ್ಲರನ ಮೂಲಕವೇ ಕ್ರಿಸ್ತನು ನಮ್ಮ ಬಳಿಗೆ ಬಂದಿದ್ದಾನೆ ಅನ್ನುವಷ್ಟಕ್ಕೂ ಹೋದ ಪಾದ್ರಿಗಳಿದ್ದರು.

ಎದ್ದು ನಿಂತವರೂ ಇದ್ದರು, ನಿಜ. 1934ರ ಮೇ ಕೊನೆಯಲ್ಲಿ ಬಾರ್ಮೆನ್ ಪಟ್ಟಣದ ಗೆಮಾರ್ಕೆ ದೇವಾಲಯದಲ್ಲಿ 139 ಪ್ರತಿನಿಧಿಗಳು ಸೇರಿ ಆರು ಅಂಶಗಳ ಘೋಷಣೆಯೊಂದನ್ನು ಒಪ್ಪಿದರು. ಸಭೆ ಕೇಳಿ ನಡೆಯಬೇಕಾದ ದನಿ ಒಂದೇ, ಅದು ಕ್ರಿಸ್ತನದು ಎಂಬುದು ಮೊದಲ ಅಂಶ. ಅದರ ಕರಡು ಬಹುಪಾಲು ದೇವಶಾಸ್ತ್ರಜ್ಞ ಕಾರ್ಲ್ ಬಾರ್ತ್ ಅವರದು. ಜೊತೆಯವರಿಬ್ಬರು ಮಧ್ಯಾಹ್ನದ ನಿದ್ದೆಗೆ ಹೋದಾಗ ತಾವು ಗಟ್ಟಿ ಕಾಫಿ, ಬ್ರೆಜಿಲ್ ಚುಟ್ಟಾ ಇಟ್ಟುಕೊಂಡು ಬರೆದು ಮುಗಿಸಿದ್ದಾಗಿ ಅವರೇ ಮುಂದೆ ತಮಾಷೆಯಾಗಿ ಹೇಳುತ್ತಿದ್ದರು. ಆದರೆ ಆ ಘೋಷಣೆಯಲ್ಲಿ ಯೆಹೂದ್ಯರ ಮಾತೇ ಇಲ್ಲ. ಅದು ತಮ್ಮ ತಪ್ಪೆಂದು ಬಾರ್ತ್ ಮುಪ್ಪಿನಲ್ಲಿ ಒಪ್ಪಿಕೊಂಡರು. ವಿರೋಧದ ಮುಂಚೂಣಿಯಲ್ಲಿದ್ದು ಏಳೆಂಟು ವರ್ಷ ಸೆರೆಯಲ್ಲಿ ಕಳೆದ ಮಾರ್ಟಿನ್ ನೀಮೊಲರ್ ಕೂಡ 1933ರಲ್ಲಿ ಹಿಟ್ಲರನ ಪಕ್ಷಕ್ಕೇ ಮತ ಹಾಕಿದ್ದವರು. ವೀರರ ಕಥೆಯಾಗಿ ಇದನ್ನು ಹೇಳಲು ನನಗೆ ಮನಸ್ಸಿಲ್ಲ.

ನನ್ನನ್ನು ಹೆಚ್ಚು ಕಾಡುವುದು 1938. ಆ ಏಪ್ರಿಲ್‌ನಲ್ಲಿ ಪಾದ್ರಿಗಳೆಲ್ಲ ಹಿಟ್ಲರನಿಗೆ ನಿಷ್ಠೆಯ ಪ್ರಮಾಣ ಮಾಡಬೇಕೆಂದು ಸಭಾ ಆಡಳಿತವೇ ಆದೇಶಿಸಿತು. ಅವನ ಹುಟ್ಟುಹಬ್ಬದ ಕಾಣಿಕೆಯೆಂಬಂತೆ. ಬಹುಪಾಲು ಮಂದಿ ಮಾಡಿಯೂ ಮಾಡಿದರು. ಕೆಲವು ತಿಂಗಳಲ್ಲಿ ಪಕ್ಷದ ಮುಖಂಡ ಬೋರ್ಮನ್‌ನ ಸುತ್ತೋಲೆ ಬಯಲಾಯಿತು. ಅದರಲ್ಲಿದ್ದ ಸಾರಾಂಶ: ಈ ಪ್ರಮಾಣ ಸಭೆಯ ಒಳಗಿನ ವಿಷಯ, ಪಕ್ಷಕ್ಕೂ ಸರ್ಕಾರಕ್ಕೂ ಅದರಿಂದ ಆಗಬೇಕಾದದ್ದೇನಿಲ್ಲ. ಕೇಳದೆಯೇ ಧೂಪ ಹಾಕಿದವರ ಮುಖಕ್ಕೆ ಬೂದಿ!

ಅದೇ ಸೆಪ್ಟೆಂಬರ್‌ನಲ್ಲಿ ಚೆಕೊಸ್ಲೊವಾಕಿಯಾದ ವಿಷಯಕ್ಕೆ ಯುದ್ಧ ಇನ್ನೇನು ಹತ್ತಿಕೊಳ್ಳುವಂತಿತ್ತು. ಬಾರ್ಮೆನ್ ಬಳಗದ ಹಿರಿಯರು ಒಂದು ಪ್ರಾರ್ಥನೆಯ ಕ್ರಮ ಬರೆದು ಸಭೆಗಳಿಗೆ ಕಳುಹಿಸಿದರು. ಅದರಲ್ಲಿ ಜಯಕಾರವಿರಲಿಲ್ಲ, ನಮ್ಮ ಜನರ ಪಾಪಗಳನ್ನು ಕ್ಷಮಿಸು, ಯುದ್ಧದ ಶಿಕ್ಷೆಯಿಂದ ಬಿಡಿಸು ಎಂಬ ಮೊರೆಯಿತ್ತು. ಅಷ್ಟಕ್ಕೇ ಹಿಟ್ಲರನ ಎಸ್‌ಎಸ್ ಪಡೆಯ ಪತ್ರಿಕೆ ಅದನ್ನು ದೇಶದ್ರೋಹವೆಂದು ಕೂಗಿತು. ಬರೆದವರ ಸಂಬಳ ನಿಂತಿತು. ನಾಲ್ವರು ಬಿಷಪ್ಪರು ಆ ಪ್ರಾರ್ಥನೆಗೂ ತಮಗೂ ಸಂಬಂಧವಿಲ್ಲವೆಂದು ಸಹಿ ಮಾಡಿಕೊಟ್ಟರು. ಅವರಲ್ಲಿ ಒಬ್ಬರು ವ್ಯುರ್ಟೆಂಬರ್ಗಿನವರು, ಕನ್ನಡದ ಮೊದಲ ಪತ್ರಿಕೆ ತೆಗೆದ ನಮ್ಮ ಮೋಗ್ಲಿಂಗ್ ಹುಟ್ಟಿದ ನಾಡಿನವರು. ರಕ್ಷಕನೊಬ್ಬ ಆಳುತ್ತಿರುವಾಗ ಕ್ಷಮೆ ಬೇಡುವುದೇ ಅಪರಾಧ, ಏಕೆಂದರೆ ಅವನ ರಾಜ್ಯದಲ್ಲಿ ಪಾಪವೇ ಇರಕೂಡದು. ನಾಯಕನು ವಿಗ್ರಹವಾಗಿದ್ದಾನೆಯೇ ಎಂದು ತಿಳಿಯಲು ಇದಕ್ಕಿಂತ ಒಳ್ಳೆಯ ಒರೆಗಲ್ಲು ನನಗೆ ಗೊತ್ತಿಲ್ಲ.

ಧರ್ಮದಲ್ಲಿ ಭಕ್ತಿ ಮುಕ್ತಿಯ ದಾರಿಯಾಗಬಹುದು, ರಾಜಕೀಯದಲ್ಲಿ ಅದು ಸರ್ವಾಧಿಕಾರದ ದಾರಿ ಎಂದು ಅಂಬೇಡ್ಕರ್ 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಎಚ್ಚರಿಸಿದ್ದರು. ಅದನ್ನು ನಾವು ಸಾಮಾನ್ಯವಾಗಿ ಬೇರೆಯವರ ಕಟೌಟುಗಳ ಕಡೆ ಬೆರಳು ತೋರಿಸಿ ಓದುತ್ತೇವೆ. ನಮ್ಮ ಮನೆಯ ಮಾತನ್ನೂ ಸ್ವಲ್ಪ ಕೇಳಿಸಿಕೊಳ್ಳೋಣ. ಚುನಾವಣೆ ಬಂತೆಂದರೆ ಆರಾಧನೆ ಮುಗಿದು ಅಂಗಳದಲ್ಲಿ ಚಹಾ ಕುಡಿಯುವಾಗ 'ಈ ಸಲ ಅವರು ಗೆದ್ದರೆ ನಾವು ಬಚಾವ್' ಅನ್ನುವುದು ನಮ್ಮಲ್ಲೂ ಇದೆ. ಅಲ್ಪಸಂಖ್ಯಾತರ ಭಯ ಸುಳ್ಳಲ್ಲ. ಅದನ್ನು ಹಗುರ ಮಾಡಲಾರೆ. ಯೋಚಿಸಿ ಮತ ಹಾಕಬೇಕು, ಹಕ್ಕಿಗಾಗಿ ಕೋರ್ಟಿಗೂ ಬೀದಿಗೂ ಹೋಗಬೇಕು. ಆದರೆ 'ಬಚಾವ್' ಎಂದರೂ ರಕ್ಷಣೆಯೇ. ನಮಗೆ ಬೇಕಾದವರು ಗೆದ್ದ ಮರುದಿನದಿಂದ ಅವರ ತಪ್ಪಿಗೆ ನಾವೇ ಸಮಜಾಯಿಷಿ ಹುಡುಕತೊಡಗಿದರೆ ನಾವೂ ಪೊಲಿಕಾರ್ಪನನ್ನು ಪುಸಲಾಯಿಸಿದವರ ಗಾಡಿ ಹತ್ತಿ ಕೂತಿದ್ದೇವೆ ಎಂದೇ ಅರ್ಥ. ಐದು ರೊಟ್ಟಿ ಹಂಚಿದ ಸಂಜೆ ಜನ ಬಲವಂತವಾಗಿ ಅರಸನನ್ನಾಗಿ ಮಾಡಲು ಬಂದಾಗ ಯೇಸು ಒಬ್ಬನೇ ಬೆಟ್ಟ ಹತ್ತಿಹೋದನೆಂದು ಯೋಹಾನ ಬರೆದಿದ್ದಾನೆ. ಹೊಟ್ಟೆ ತುಂಬಿಸಿದವನನ್ನು ಸಿಂಹಾಸನಕ್ಕೆ ಎಳೆಯುವ ಚಾಳಿ ಅಷ್ಟು ಹಳೆಯದು.

ಬರುವ ಭಾನುವಾರ ಆ ಎರಡು ನಿಮಿಷ ಬಂದಾಗ ಚಿಲ್ಲರೆ ಹುಡುಕುವುದನ್ನು ನಿಲ್ಲಿಸಿ. ನಿಮಗೆ ಆಗದ ನಾಯಕನ ಕ್ಷೇಮಕ್ಕಾಗಿ ಬೇಡಿ. ಆಮೇಲೆ ನಿಮಗೆ ತೀರಾ ಇಷ್ಟವಾದ ನಾಯಕನ ಹೆಸರೆತ್ತಿ, ಅವರ ಪಾಪಗಳ ಕ್ಷಮೆಗಾಗಿ ಬೇಡಿ, ಒಂದೊಂದನ್ನೇ ನೆನೆದು. ಬಾಯಿ ಬರದಿದ್ದರೆ ಮನೆಗೆ ಹೋಗಿ ಲೂಕನ ಎರಡನೆಯ ಅಧ್ಯಾಯವನ್ನು ಮೊದಲ ಸಾಲಿನಿಂದ, ಆ ಕೈಸರನ ಹೆಸರಿನಿಂದ, ಇನ್ನೊಮ್ಮೆ ಓದಿ.