ಎಡಗೈ ಕೇಳಿಸಿತೇ?

ನಮ್ಮ ಮನೆಯ ಮಿಕ್ಸಿ ಗಿರ್ರೆಂದು ತಿರುಗುವಾಗ ಯಾರೂ ಏನೂ ಅನ್ನುವುದಿಲ್ಲ. ಚಟ್ನಿ ಬೇಕಲ್ಲ! ಅದೇ ನಾನು ಅಡುಗೆಮನೆಯಿಂದ ಸ್ವಲ್ಪ ಗಟ್ಟಿಯಾಗಿ ಏನಾದರೂ ಹೇಳಿದರೆ ಸಾಕು, ಹಜಾರದಿಂದ ಮಾತು ಬರುತ್ತದೆ: "ಯಾಕೆ ಅಷ್ಟು ಕೂಗ್ತೀಯೆ?" ಯಾರ ಸದ್ದು ಎಷ್ಟಿರಬೇಕು, ಅದನ್ನು ಯಾರು ಹೇಳಬೇಕು ಎಂಬ ಪ್ರಶ್ನೆ ಹೀಗೆ ನನಗೆ ದಿನನಿತ್ಯದ್ದು. ಆದರೆ ಒಮ್ಮೆ ಆ ಅಧಿಕಾರ ನನ್ನ ಕೈಗೇ ಬಂದಿತ್ತು. ಆಗ ನಾನು ನಡೆದುಕೊಂಡ ರೀತಿ ಇವತ್ತಿಗೂ ಮನಸ್ಸಿನಲ್ಲಿ ಮುಳ್ಳಿನ ಹಾಗೆ ಉಳಿದಿದೆ.

ನಮ್ಮೂರಿನ ರಾಮನವಮಿ ಸಂಗೀತೋತ್ಸವದ ಸಮಿತಿಯಲ್ಲಿ ಹನ್ನೊಂದು ಮಂದಿ, ಹೆಂಗಸು ನಾನೊಬ್ಬಳೇ. ಪಾನಕ, ಕೋಸಂಬರಿ, ಹೂವು, ತಾಂಬೂಲ, ಕಲಾವಿದರ ಊಟ ಎಲ್ಲ ನನ್ನ ಪಾಲಿನ ಕೆಲಸ. ಆ ವರ್ಷ ಮೈಕಿನ ಉಸ್ತುವಾರಿ ನೋಡುತ್ತಿದ್ದವರಿಗೆ ಜ್ವರ ಬಂದು ಅದೂ ನನ್ನ ತಲೆಗೇ ಬಂತು. "ಏನಿಲ್ಲ ಮೇಡಂ, ಹುಡುಗ ಎಲ್ಲ ಮಾಡ್ತಾನೆ. ನೀವು ಸುಮ್ನೆ ಅವನ ಪಕ್ಕ ಕೂತಿರಿ" ಅಂದರು ಕಾರ್ಯದರ್ಶಿಗಳು. ನಾನೂ ಸುಮ್ಮನೆ ಕೂರಲು ಒಪ್ಪಿದೆ.

ಅಂದು ವೀಣೆ ಕಛೇರಿ. ಮೃದಂಗಕ್ಕೆ ಬಂದವಳು ಪಕ್ಕದ ಜಿಲ್ಲೆಯ ಒಬ್ಬ ಹುಡುಗಿ, ಇಪ್ಪತ್ತೆರಡರ ಆಸುಪಾಸು. ಬಂದವಳೇ ಅಡುಗೆಯ ಕಡೆ ಬಂದು, "ಒಂದು ಲೋಟ ನೀರು ಕೊಡ್ತೀರಾ ಮೇಡಂ?" ಎಂದಳು. ಕುಡಿಯಲಿಕ್ಕೆಂದುಕೊಂಡೆ. ಅವಳು ಚೀಲದಿಂದ ಪೊಟ್ಟಣ ತೆಗೆದು ರವೆ ಕಲಸಲು ಕೂತಳು! ಚಪಾತಿ ಹಿಟ್ಟಿನಂತೆ ನಾದಿ, ಮೃದಂಗದ ಎಡಮುಖದ ನಡುವೆ ತಟ್ಟಿ ಕೂರಿಸಿದಳು. ಬಾರಿಸಿ ನೋಡಿದಳು, ಚೂರು ತೆಗೆದಳು, ಮತ್ತೆ ಬಾರಿಸಿದಳು. ಒಗ್ಗರಣೆ ಹದ ನೋಡುವವರ ಮುಖದ ಹಾಗಿತ್ತು ಅವಳ ಮುಖ.

ಬಲಮುಖದ ಕಪ್ಪು ಕರಣೆ ಶಾಶ್ವತವಾದದ್ದು. ಕಪ್ಪು ಕಲ್ಲಿನ ಪುಡಿಯನ್ನು ಅನ್ನದೊಂದಿಗೆ ಅರೆದು ಪದರಪದರವಾಗಿ ಹಚ್ಚಿ ಉಜ್ಜಿದ್ದು. ಸಾಮಾನ್ಯ ಚರ್ಮವಾದ್ಯದಲ್ಲಿ ಬರೀ ಸದ್ದಿರುತ್ತದೆ. ಮೃದಂಗದಲ್ಲಿ ಮಾತ್ರ ತಂತಿವಾದ್ಯದಂತೆ ಶ್ರುತಿಗೆ ಹೊಂದುವ ನಾದ ಹುಟ್ಟುತ್ತದೆ, ಅದಕ್ಕೆ ಕಾರಣ ಈ ಕಪ್ಪು ಕರಣೆ ಎಂದು ತೋರಿಸಿದವರು ಸಿ.ವಿ. ರಾಮನ್. 1920ರಲ್ಲೇ ಅವರು ಈ ಬಗ್ಗೆ ಬರೆದಿದ್ದರು. ಮುಂದೆ 1933ರಲ್ಲಿ ಬೆಂಗಳೂರಿಗೆ ಬಂದು ನಮ್ಮವರೇ ಆದರು. ಎಡಮುಖದ ರವೆ ಹಾಗಲ್ಲ. ಕಛೇರಿಗೆ ಮುಂಚೆ ಹಚ್ಚಬೇಕು, ಮುಗಿದ ಮೇಲೆ ಕೆರೆದು ತೆಗೆಯಬೇಕು. ನಮ್ಮ ಅಡುಗೆಯಂತೆ ಪ್ರತಿದಿನ ಹೊಸದಾಗಿ ಮಾಡಬೇಕಾದ ಕೆಲಸ. ಆ ಹಸಿ ರವೆಯ ತೂಕದಿಂದಲೇ ಎಡಗೈಗೆ ಆ ಗಂಭೀರ 'ಗುಂ'ಕಾರ ಬರುವುದು.

ಮೈಕಿನ ಹುಡುಗ ಹೊಸದಾಗಿ ಕೊಂಡ ಎರಡು ಕ್ಲಿಪ್ ಮೈಕುಗಳನ್ನು ಹೆಮ್ಮೆಯಿಂದ ತಂದ. ಬೆರಳು ಗಾತ್ರದವು, ಬಾರಿಗೇ ಸಿಕ್ಕಿಸಿಬಿಡಬಹುದು. ಅವಳು ನೋಡಿ, "ಬಲಗಡೆಗೆ ಸಿಕ್ಕಿಸಿ ಅಣ್ಣಾ, ಅಡ್ಡಿಯಿಲ್ಲ. ಎಡಗಡೆಗೆ ಕ್ಲಿಪ್ ಬೇಡ, ಸ್ಟ್ಯಾಂಡ್ ಇಟ್ಟು ಒಂದು ಗೇಣು ದೂರ ಇಡಿ. ತೀರಾ ಹತ್ತಿರ ಬಂದ್ರೆ ನಾದ ಹೋಗಿ ಬರೀ ಗುಮ್ಮನೆ ಸದ್ದಾಗುತ್ತೆ" ಎಂದಳು. ಅವನು ಹೂಂ ಅಂದ. ಅವಳು ಶ್ರುತಿ ನೋಡಿಕೊಳ್ಳಲು ಒಳಗೆ ಹೋದಳು. ಸ್ಟ್ಯಾಂಡ್ ಕಮ್ಮಿಯಿತ್ತೋ, ಹೊಸ ಕ್ಲಿಪ್ಪಿನ ಆಸೆಯೋ, ಎರಡನ್ನೂ ವಾದ್ಯಕ್ಕೇ ಸಿಕ್ಕಿಸುವ ಹಾಗೆ ತಂತಿ ಎಳೆದಿಟ್ಟ. ಪರದೆ ಏಳುವ ಗಡಿಬಿಡಿಯಲ್ಲಿ ಅವಳೂ ಒಪ್ಪಿಕೊಂಡು ಕೂತಳು. ನಾನು ನೋಡುತ್ತಿದ್ದೆ. ಸುಮ್ಮನೆ ಕೂರುವುದು ತಾನೆ ನನ್ನ ಕೆಲಸ!

ಎರಡನೆಯ ಕೃತಿ ಮುಗಿಯುವ ಹೊತ್ತಿಗೆ ಮುಂದಿನ ಸಾಲಿನ ಹಿರಿಯರೊಬ್ಬರು ಎದ್ದು ಬಂದರು. ಊರಿನಲ್ಲಿ ದೊಡ್ಡ ಮನುಷ್ಯರು. ಉತ್ಸವಕ್ಕೆ ದೊಡ್ಡ ದೇಣಿಗೆ ಕೊಟ್ಟವರು. "ಏನಮ್ಮಾ ಇದು, ಪಕ್ಕವಾದ್ಯವೋ, ಜಾತ್ರೆ ಡೋಲೋ? ವೀಣೆ ಕೇಳೋದೇ ಇಲ್ಲ. ಹೆಣ್ಣುಮಗು ಇಷ್ಟು ಜೋರಾಗಿ ಬಾರಿಸಬಾರದು ಅಂತ ಯಾರೂ ಹೇಳಿಕೊಡಲಿಲ್ವೆ?" ಎಂದರು. ನಾನು ಹುಡುಗನ ಕಡೆ ತಿರುಗಿ ಕೈಯನ್ನು ಕೆಳಗೆ ಒತ್ತಿ ಸನ್ನೆ ಮಾಡಿದೆ. ಗುಮ್ಮನ್ನುತ್ತಿದ್ದುದು ಎಡಗಡೆಯ ಮೈಕು. ಅವನು ಅದರ ತಿರುಪನ್ನು ಪೂರ್ತಿ ಕೆಳಕ್ಕೆ ತಿರುಗಿಸಿಬಿಟ್ಟ.

ಹಿರಿಯರು ನನ್ನ ಕಡೆ ನೋಡಿ ಮೆಚ್ಚಿ ತಲೆಯಾಡಿಸಿದರು. ಸುಳ್ಳು ಯಾಕೆ ಹೇಳಲಿ, ನನಗೆ ಖುಷಿಯಾಯಿತು.

ತನಿ ಆವರ್ತನ ಬಂದಾಗ ಮಾತ್ರ ಗೊತ್ತಾಯಿತು. ಪೆಟ್ಟಿಗೆಗಳಿಂದ ಬರೀ ಟಕಟಕ ಬರುತ್ತಿದೆ. ಎಡಗೈ ಆಡುತ್ತಿರುವುದು ಕಣ್ಣಿಗೆ ಕಾಣುತ್ತಿದೆ, ಕಿವಿಗೆ ಇಲ್ಲ. ಅರ್ಧ ಮಾತನ್ನಷ್ಟೇ ಕೇಳಿಸಿಕೊಂಡ ಹಾಗೆ. ಅವಳು ಒಮ್ಮೆ ಹುಡುಗನ ಕಡೆ ನೋಡಿದಳು. ಆಮೇಲೆ ನೋಡಲಿಲ್ಲ, ಬಾರಿಸುತ್ತಾ ಹೋದಳು. ನಾನು ಎದ್ದು ಎರಡು ಹೆಜ್ಜೆ ಹೋಗಿ "ಸ್ವಲ್ಪ ಏರಿಸಪ್ಪ" ಅನ್ನಬಹುದಿತ್ತು. ಏಳಲಿಲ್ಲ. ಆ ಮೆಚ್ಚುಗೆ ಎಲ್ಲಿ ಹೋದೀತೋ ಎಂಬ ಭಯ.

ಊಟಕ್ಕೆ ಬಡಿಸುವಾಗ ಅವಳು ತಲೆಯೆತ್ತಿ ಕೇಳಿದಳು: "ಮೇಡಂ, ಎಡಗೈ ಕೇಳಿಸ್ತಾ?"

"ತುಂಬಾ ಚೆನ್ನಾಗಿತ್ತಮ್ಮ, ಎಲ್ಲಾ ಕೇಳಿಸ್ತು" ಎಂದು ಇನ್ನೊಂದು ಸೌಟು ಸಾರು ಬಡಿಸಿದೆ.

ಅವಳು ಸುಮ್ಮನೆ ಕಲಸಿಕೊಂಡಳು. ಸ್ವಲ್ಪ ಹೊತ್ತು ಬಿಟ್ಟು, "ನಮ್ಮ ಗುರುಗಳು ಹೇಳ್ತಾರೆ, ಎಡಗೈ ಮಾತಾಡದೆ ಇದ್ರೆ ಬಲಗೈದು ಬರೀ ಹರಟೆ ಅಂತ" ಎಂದಳು.

ಆಮೇಲೆ ಈ ವಿಷಯವನ್ನು ಎಷ್ಟೋ ಸಲ ಯೋಚಿಸಿದ್ದೇನೆ. ನನ್ನ ಪರವಾಗಿಯೂ ವಾದ ಮಾಡಿ ನೋಡಿದ್ದೇನೆ. ವೀಣೆ ಮೃದುವಾದ ವಾದ್ಯ. ಮೃದಂಗ ಅದನ್ನು ಮುಳುಗಿಸಿದರೆ ಅದೂ ಅನ್ಯಾಯವೇ. ತನ್ನ ಸದ್ದು ಏರಿಸಿಕೊಂಡು ಪಕ್ಕದವರ ಸದ್ದು ಅಳಿಸುವವರನ್ನು ಕಛೇರಿಯಲ್ಲೂ ಕಂಡಿದ್ದೇನೆ, ಸಂಸಾರದಲ್ಲೂ ಕಂಡಿದ್ದೇನೆ. ಮೈಕೇ ಬೇಡವೆಂದ ಮಹಾನುಭಾವರೂ ಇದ್ದರು. ಪಾಲ್ಘಾಟ್ ಮಣಿ ಅಯ್ಯರ್ (1912–1981) ಮೃದಂಗದ ದೊರೆಯೆನಿಸಿಕೊಂಡವರು. ಅವರು ತಮ್ಮ ಕೊನೆಯ ದಶಕಗಳಲ್ಲಿ ಮೈಕನ್ನು ಖಡಾಖಂಡಿತವಾಗಿ ವಿರೋಧಿಸಿದರು. ಮೈಕಿಲ್ಲದ ಕಛೇರಿಯಲ್ಲಿ ಕೇಳುವವರು ತಾವೇ ಮೌನವಾಗಬೇಕು, ಕಿವಿ ಚುರುಕಾಗಬೇಕು. ಆ ನಿಲುವಿನ ಘನತೆ ನನಗೆ ಅರ್ಥವಾಗುತ್ತದೆ.

ಆದರೆ ಮೈಕು ಬರುವ ಮುಂಚೆ ಸಂಗೀತ ಎಲ್ಲರಿಗೂ ಕೇಳುತ್ತಿತ್ತೇ? ಹಾಡುವವರು ಶ್ರುತಿ ಏರಿಸಿ ಗಂಟಲು ಬಿಚ್ಚಿದರೂ ಸ್ಪಷ್ಟವಾಗಿ ಕೇಳುತ್ತಿದ್ದುದು ಹತ್ತಿರ ಕೂತವರಿಗೆ. ಹತ್ತಿರ ಕೂರುತ್ತಿದ್ದವರು ಯಾರು? ಮೃದಂಗ ವಿದ್ವಾಂಸರಲ್ಲಿ ಅನೇಕರು ಹೆಂಗಸರಿಗೆ ಪಕ್ಕವಾದ್ಯ ನುಡಿಸದೆ ಇದ್ದ ಕಾಲವೂ ಅದೇ. ಮಣಿ ಅಯ್ಯರ್ ಅವರೇ ಬಹುಕಾಲ ನುಡಿಸಿರಲಿಲ್ಲ, ಕೊನೆಗೆ ಡಿ.ಕೆ. ಪಟ್ಟಮ್ಮಾಳ್ ಅವರಿಗೆ ನುಡಿಸಿದರು. ಲಯವಾದ್ಯ ಹೆಣ್ಣಿನ ಕೈಗಲ್ಲ ಎಂಬ ಮಾತನ್ನು ದಾಟಿಯೇ ಬೆಂಗಳೂರಿನ ಘಟಂ ವಿದುಷಿ ಸುಕನ್ಯಾ ರಾಮಗೋಪಾಲ್ 1995ರಲ್ಲಿ 'ಸ್ತ್ರೀ ತಾಳ ತರಂಗ' ಎಂಬ ಹೆಂಗಸರ ವೃಂದ ಕಟ್ಟಬೇಕಾಯಿತು. ಇಷ್ಟು ದೂರ ನಡೆದುಬಂದ ಕೈಯನ್ನು ನಾನು ಒಂದು ಸನ್ನೆಯಿಂದ ಅಳಿಸಿದ್ದೆ.

ಇನ್ನೊಂದು ಸಂಗತಿ ಹೊಳೆದದ್ದು ಮರುವರ್ಷ, ಚಪ್ಪರದ ಕೊನೆಯಲ್ಲಿ ನಿಂತಾಗ. ಮುಂದಿನ ಸಾಲಿನವರಿಗೆ ಮೃದಂಗ ಕೇಳುವುದು ನೇರವಾಗಿ ಚರ್ಮದಿಂದಲೇ. ಅವರಿಗೆ ಮೈಕು ಬೇಕಾಗಿಯೇ ಇಲ್ಲ. ಹಿಂದೆ ಕೂತವರಿಗೆ ಪೆಟ್ಟಿಗೆಯಿಂದ ಬಂದದ್ದಷ್ಟೇ ಸಂಗೀತ. ನಮ್ಮ ಚಪ್ಪರದಲ್ಲಿ ಹಿಂದೆ ಕೂರುವವರು ಯಾರು ಗೊತ್ತೇ? ಕಂಕುಳಲ್ಲಿ ಮಗು ಇರುವವರು, ಮನೆಗೆಲಸ ಮುಗಿಸಿ ತಡವಾಗಿ ಬಂದವರು, ನಡುವೆಯೇ ಎದ್ದುಹೋಗಬೇಕಾದವರು. ಎಲ್ಲ ನಮ್ಮಂಥವರೇ. ಮುಂದಿನವರ ಕಿವಿಯನ್ನೇ ಊರಿನ ಕಿವಿಯೆಂದುಕೊಂಡು ನಾನು ಹಿಂದಿನವರ ಪಾಲಿನದನ್ನು ಕಿತ್ತುಕೊಂಡಿದ್ದೆ. ಅವರಲ್ಲಿ ಯಾರೂ ಎದ್ದು ಬಂದು ದೂರು ಹೇಳಲಿಲ್ಲ. ದೂರು ಹೇಳುವ ಅಭ್ಯಾಸವೂ ಮುಂದಿನ ಸಾಲಿನದೇ ಅಲ್ಲವೆ?

ನಮ್ಮ ಭಾಷೆಯಲ್ಲಿ 'ಕೇಳು' ಎಂದರೆ ಆಲಿಸುವುದೂ ಹೌದು, ಪ್ರಶ್ನೆ ಮಾಡುವುದೂ ಹೌದು. ಅಂದು ನಾನು ಎರಡನ್ನೂ ಮಾಡಲಿಲ್ಲ. ಹಿಂದಕ್ಕೆ ಹೋಗಿ ಕಿವಿಗೊಡಲಿಲ್ಲ, "ಏನು ಮಾಡಿದ್ರೆ ಸರಿಹೋಗುತ್ತಮ್ಮ?" ಎಂದು ಅವಳನ್ನು ಕೇಳಲಿಲ್ಲ. ಕೇಳಿದ್ದರೆ ಉತ್ತರ ಮೊದಲೇ ಹೇಳಿದ್ದಳಲ್ಲ: ಒಂದು ಗೇಣು ದೂರ. ಜೋರಾಯಿತೆಂದು ಒಬ್ಬರ ಬಾಯಿ ಮುಚ್ಚಿಸುವುದಕ್ಕೂ ಅವರ ಮಾತು ಹದವಾಗಿ ಕೇಳುವಂತೆ ಮಾಡುವುದಕ್ಕೂ ಇರುವ ಅಂತರ ಅಷ್ಟೇ, ಒಂದು ಗೇಣು. ಮುಚ್ಚಿಸುವುದು ಸುಲಭ, ಬರೀ ತಿರುಪು ತಿರುಗಿಸಿದರೆ ಆಯಿತು. ಹದ ಮಾಡುವುದಕ್ಕೆ ಎದ್ದು ಹೋಗಬೇಕು.

ಇದೆಲ್ಲಕ್ಕಿಂತ ಹೆಚ್ಚು ಕಾಡಿದ್ದು ಆ ಸೌಟು ಸಾರು. ತಪ್ಪು ಮಾಡಿದ್ದು ಗಡಿಬಿಡಿಯಲ್ಲಿ. ಸುಳ್ಳು ಹೇಳಿದ್ದು ನಿಧಾನವಾಗಿ, ನಗುನಗುತ್ತಾ. ನೋವಾಗದಿರಲಿ ಎಂದು ಹೇಳಿದೆ ಅಂತ ಬಹಳ ದಿನ ಸಮಾಧಾನ ಮಾಡಿಕೊಂಡೆ. ಯಾರ ನೋವು? ನಿಜ ಹೇಳಿದ್ದರೆ ನೋಯುತ್ತಿದ್ದವಳು ನಾನು.

ಮರುವರ್ಷ ಚಪ್ಪರದಿಂದ ಮನೆಗೆ ಬಂದ ರಾತ್ರಿ ಅವಳಿಗೆ ಫೋನು ಮಾಡಿದೆ. ಗುರುತು ಹೇಳಿ, ತಡವರಿಸುತ್ತಾ, "ಅವತ್ತು ಎಡಗೈ ಕೇಳಿಸಿರಲಿಲ್ಲಮ್ಮ. ನಾನೇ ಇಳಿಸು ಅಂದಿದ್ದೆ" ಎಂದೆ. ಆ ಕಡೆ ಒಂದು ಕ್ಷಣ ಸದ್ದಿಲ್ಲ. ಆಮೇಲೆ ಮೆಲ್ಲಗೆ ಹೇಳಿದಳು: "ಗೊತ್ತಿತ್ತು ಮೇಡಂ. ಗೊತ್ತಿದ್ದಕ್ಕೇ ನಿಮ್ಮನ್ನ ಕೇಳಿದ್ದು."

ಈಗ ಮೈಕಿನ ಉಸ್ತುವಾರಿ ನನ್ನದೇ, ಕೇಳಿ ತೆಗೆದುಕೊಂಡಿದ್ದೇನೆ. ಹುಡುಗನ ಪೆಟ್ಟಿಗೆಯ ಮೇಲೆ ಬಿಳಿ ಪಟ್ಟಿ ಅಂಟಿಸಿ 'ಮೃದಂಗ ಬಲ', 'ಮೃದಂಗ ಎಡ' ಎಂದು ಬರೆಸಿದ್ದೇನೆ. ಎರಡು ಸ್ಟ್ಯಾಂಡ್ ಹೆಚ್ಚಿಗೆ ತರಿಸಿದ್ದೇನೆ. ಕಛೇರಿಗೆ ಅರ್ಧ ಗಂಟೆ ಮುಂಚೆ ಕಲಾವಿದರು ಒಬ್ಬೊಬ್ಬರಾಗಿ ನುಡಿಸಿ ನೋಡುವಾಗ ನಾನು ಕೊನೆಯ ಸಾಲಿನಲ್ಲಿ, ಆಗಲೇ ಬಂದು ಮಗುವಿಗೆ ಹಾಲು ಕುಡಿಸುತ್ತಾ ಕೂತ ಯಾರಾದರೂ ಒಬ್ಬರ ಪಕ್ಕ ಕೂರುತ್ತೇನೆ. "ಎರಡೂ ಕೈ ಕೇಳ್ತಿದೆಯೇನಮ್ಮ?" ಎಂದು ವಿಚಾರಿಸುತ್ತೇನೆ. ಮೊದಲಿಗೆ ಎಲ್ಲರೂ "ಚೆನ್ನಾಗಿದೆ, ಚೆನ್ನಾಗಿದೆ" ಅನ್ನುತ್ತಾರೆ. ನಾನು ಇನ್ನೊಂದು ಸಲ ಕೇಳುತ್ತೇನೆ.