ಊರು ಬಿಟ್ಟರೆ ಆಚಾರ ಬಿಟ್ಟೀತೆ?

ಮನುಷ್ಯನ ಆಚಾರವು ಅವನ ಊರಿನಲ್ಲಿರುವುದೋ, ಅವನ ಅಂತರಂಗದಲ್ಲಿರುವುದೋ ಎಂಬುದು ಹಳೆಯ ಪ್ರಶ್ನೆ. ಹಿರಿಯರೂ ನೆರೆಹೊರೆಯವರೂ ನೋಡುತ್ತಿರುವಾಗ ಸನ್ನಡತೆಯಿಂದಿರುವುದು ಬಹುಮಂದಿಗೆ ಕಷ್ಟವಲ್ಲ. ಗುರುತಿನವರಿಲ್ಲದ ಎಡೆಯಲ್ಲಿ, ಕೈಯಲ್ಲಿ ಹಣವಿದ್ದು, ಕೆಲಸದ ಹೊರೆಯಿಲ್ಲದ ರಜೆಯ ದಿನಗಳಲ್ಲಿ ಅವನು ಹೇಗೆ ನಡೆದುಕೊಳ್ಳುವನೆಂಬುದೇ ನಿಜವಾದ ಒರೆಗಲ್ಲು. ಈ ಒರೆಗಲ್ಲು ಇಂದು ಆಕಾಶಕ್ಕೇರಿದೆ. ವಿಹಾರಕ್ಕೆಂದು ಹೊರಟವರು ವಿಮಾನದಲ್ಲಿ ಕುಡಿದು ಕೂಗಾಡುವುದು, ಪರಿಚಾರಿಕೆಯರನ್ನು ಹೀಯಾಳಿಸುವುದು, ಸಹಪ್ರಯಾಣಿಕರ ಮೇಲೆ ಕೈಮಾಡುವುದು ಮೊದಲಾದ ಸಂಗತಿಗಳು ಪತ್ರಿಕೆಗಳಲ್ಲಿ ಮೇಲಿಂದ ಮೇಲೆ ಬರುತ್ತಿವೆ. ಕುಡಿತವೊಂದೇ ಇವಕ್ಕೆಲ್ಲ ಕಾರಣವಲ್ಲ. ಆದರೂ ಮುಖ್ಯ ಕಾರಣಗಳಲ್ಲಿ ಅದು ಒಂದೆಂಬುದು ನಿರ್ವಿವಾದ. ಅಂತರರಾಷ್ಟ್ರೀಯ ವಿಮಾನಯಾನ ಸಂಸ್ಥೆಗಳ ಒಕ್ಕೂಟದ ಲೆಕ್ಕದಂತೆ 2021ರಲ್ಲಿ 835 ಹಾರಾಟಗಳಿಗೊಂದು ಇಂಥ ದುರ್ವರ್ತನೆಯ ಪ್ರಸಂಗವು ವರದಿಯಾಗಿದ್ದರೆ, 2022ರಲ್ಲಿ 568 ಹಾರಾಟಗಳಿಗೊಂದು ವರದಿಯಾಯಿತು.

ದಾವಣಗೆರೆಯಲ್ಲಿಯಾಗಲಿ ಹರಿಹರದಲ್ಲಿಯಾಗಲಿ ವಿಮಾನ ನಿಲ್ದಾಣವಿಲ್ಲ. ಆದುದರಿಂದ ಇದು ದೂರದವರ ಮಾತೆಂದು ತಳ್ಳಿಹಾಕುವಂತಿಲ್ಲ. ಹಿಂದಿನ ತಲೆಮಾರಿನ ಗೃಹಸ್ಥರು ಬಂಡಿ ಕಟ್ಟಿಕೊಂಡು ಜಾತ್ರೆಗೆ ಹೋಗುತ್ತಿದ್ದರು. ಅವರ ಮಕ್ಕಳು ರೈಲಿನಲ್ಲಿ ಕ್ಷೇತ್ರದರ್ಶನ ಮಾಡಿದರು. ಮೊಮ್ಮಕ್ಕಳಾದರೋ ಬೆಂಗಳೂರಿಗೋ, ಹುಬ್ಬಳ್ಳಿಗೋ, 2023ರ ಫೆಬ್ರವರಿ 27ರಂದು ಉದ್ಘಾಟನೆಯಾದ ಶಿವಮೊಗ್ಗದ ನಿಲ್ದಾಣಕ್ಕೋ ಹೋಗಿ ವಿಮಾನವನ್ನೇರುತ್ತಾರೆ. ಗೆಳೆಯರು ಗುಂಪುಗೂಡಿ ಗೋವೆಗೋ, ದುಬೈಗೋ, ಬ್ಯಾಂಕಾಕಿಗೋ ಹೋಗಿಬರುವುದು ಈ ಊರುಗಳಲ್ಲಿ ಈಗ ಅಪೂರ್ವವಲ್ಲ. ಹೋಗುವುದರಲ್ಲಿ ದೋಷವೇನೂ ಇಲ್ಲ. ದೇಶಾಟನವು ಬುದ್ಧಿಯನ್ನು ಬೆಳೆಸುವುದೆಂದು ಹಿರಿಯರು ಒಪ್ಪಿದ್ದಾರೆ. ಹೊರಟವನು ಮನೆಯಲ್ಲಿ ಏನನ್ನು ಬಿಟ್ಟು ಹೊರಟನೆಂಬುದಷ್ಟೇ ವಿಚಾರಿಸತಕ್ಕ ಸಂಗತಿ.

2022ರ ನವೆಂಬರ್ 26ರಂದು ನ್ಯೂಯಾರ್ಕಿನಿಂದ ದೆಹಲಿಗೆ ಬರುತ್ತಿದ್ದ ಏರ್ ಇಂಡಿಯಾ ವಿಮಾನದಲ್ಲಿ, ಪಾನಮತ್ತನಾಗಿದ್ದ ಪ್ರಯಾಣಿಕನೊಬ್ಬನು ಎಪ್ಪತ್ತು ದಾಟಿದ ವೃದ್ಧೆಯೊಬ್ಬರ ಮೇಲೆ ಮೂತ್ರವಿಸರ್ಜನೆ ಮಾಡಿದನೆಂಬ ಆರೋಪವು ದೇಶವನ್ನೇ ತಲೆತಗ್ಗಿಸುವಂತೆ ಮಾಡಿತು. ವಿಮಾನವು ಇಳಿದಾಗ ಅವನನ್ನು ಯಾರೂ ತಡೆಯಲಿಲ್ಲ. 2023ರ ಜನವರಿಯಲ್ಲಿ ಸುದ್ದಿ ಹೊರಬಿದ್ದ ಮೇಲೆ ದೆಹಲಿಯ ಪೊಲೀಸರು ಅವನನ್ನು ಬೆಂಗಳೂರಿನಲ್ಲಿ ಬಂಧಿಸಿದರು. ಅವನು ಆರೋಪವನ್ನು ನಿರಾಕರಿಸಿದನು. ನಿಜಾನಿಜಗಳ ನಿರ್ಣಯವು ನ್ಯಾಯಾಲಯಕ್ಕೆ ಸೇರಿದುದು. ಸಂಸ್ಥೆಯ ವಿಚಾರಣಾ ಸಮಿತಿಯು ಅವನಿಗೆ ನಾಲ್ಕು ತಿಂಗಳ ಪ್ರಯಾಣ ನಿಷೇಧವನ್ನು ವಿಧಿಸಿತು. ವಿಮಾನಯಾನ ಮಹಾನಿರ್ದೇಶನಾಲಯವು ಸಂಸ್ಥೆಗೆ 30 ಲಕ್ಷ ರೂಪಾಯಿ ದಂಡ ಹಾಕಿ, ವಿಮಾನದ ಮುಖ್ಯ ಪೈಲಟ್ಟಿನ ಪರವಾನಗಿಯನ್ನು ಮೂರು ತಿಂಗಳು ಅಮಾನತಿನಲ್ಲಿಟ್ಟಿತು.

ಈ ವಿಷಯದಲ್ಲಿ ಕಾನೂನು ಇಲ್ಲದಿಲ್ಲ. ಭಾರತದೊಳಗಿನ ಹಾರಾಟಗಳಲ್ಲಿ ಮದ್ಯವನ್ನು ಕೊಡುವುದಿಲ್ಲ. ಹೊರದೇಶಗಳಿಗೆ ಹೋಗುವ ವಿಮಾನಗಳಲ್ಲಿ ಕೊಡುವುದುಂಟು. ಅಮಲಿನಿಂದ ತನಗೋ ಪರರಿಗೋ ಅಪಾಯ ತರುವ ಸ್ಥಿತಿಯಲ್ಲಿರುವವನು ವಿಮಾನವನ್ನು ಪ್ರವೇಶಿಸಕೂಡದೆಂದು 1937ರ ವಿಮಾನ ನಿಯಮಗಳು ಹೇಳಿದವು. 2017ರಲ್ಲಿ ಮಹಾನಿರ್ದೇಶನಾಲಯವು ಪ್ರಯಾಣಿಕರ ದುರ್ವರ್ತನೆಯನ್ನು ಮೂರು ದರ್ಜೆಗಳಾಗಿ ವಿಂಗಡಿಸಿತು. ಮಾತಿನ ಉದ್ಧಟತನಕ್ಕೆ ಮೂರು ತಿಂಗಳವರೆಗೆ, ಕೈಮಾಡಿದರೆ ಆರು ತಿಂಗಳವರೆಗೆ, ಪ್ರಾಣಾಪಾಯ ತಂದರೆ ಎರಡು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಪ್ರಯಾಣ ನಿಷೇಧವೆಂದು ಗೊತ್ತುಮಾಡಿತು. ಆದರೆ ನಿಯಮವು ಹೊರಗಿನ ಬೇಲಿ. ಬೇಲಿಯನ್ನು ಹಾರುವವನ ಮನಸ್ಸಿನಲ್ಲಿ ಏಳುವ ಸಮಾಧಾನಗಳನ್ನು ಅದು ಮುಟ್ಟಲಾರದು. ಅಂಥ ಸಮಾಧಾನಗಳು ಮೂರು. ಅವನ್ನು ಪೂರ್ವಪಕ್ಷವಾಗಿಟ್ಟುಕೊಂಡು ಒಂದೊಂದಾಗಿ ವಿಚಾರಿಸುವುದು ಯುಕ್ತ.

ಮೊದಲನೆಯ ಪೂರ್ವಪಕ್ಷವು “ಅದು ಅಮಲಿನ ಕೆಲಸ, ನನ್ನದಲ್ಲ” ಎಂಬುದು. ಈ ಮಾತು ಹೊಸದಲ್ಲ. ಋಗ್ವೇದದ ಏಳನೆಯ ಮಂಡಲದಲ್ಲಿ ವಸಿಷ್ಠ ಋಷಿಯು ವರುಣನಲ್ಲಿ ಕ್ಷಮೆ ಬೇಡುವ ಸೂಕ್ತವೊಂದಿದೆ. ಮನುಷ್ಯನನ್ನು ತಪ್ಪಿಗೆ ಎಳೆಯುವ ಕಾರಣಗಳನ್ನು ಎಣಿಸುವಾಗ ಅಲ್ಲಿ ಕ್ರೋಧ, ಜೂಜುಗಳ ಜೊತೆಯಲ್ಲಿ ಸುರೆಯೂ ಬಂದಿದೆ. ಕುಡಿದವನ ಬುದ್ಧಿ ಅವನ ವಶದಲ್ಲಿರುವುದಿಲ್ಲವೆಂಬುದು ಆಗಲೂ ಜನರಿಗೆ ತಿಳಿದಿತ್ತು. ವಿಮಾನದೊಳಗೆ ಈ ಅವಸ್ಥೆ ಇನ್ನಷ್ಟು ಬಿಗಡಾಯಿಸಲು ಕಾರಣವುಂಟು. ಅಲ್ಲಿಯ ಗಾಳಿಯ ಒತ್ತಡವನ್ನು ಸಾಮಾನ್ಯವಾಗಿ ಆರರಿಂದ ಎಂಟು ಸಾವಿರ ಅಡಿ ಎತ್ತರದ ಬೆಟ್ಟದ ಮೇಲಿರುವಷ್ಟಕ್ಕೆ ಹೊಂದಿಸಿರುತ್ತಾರೆ. ಮುಳ್ಳಯ್ಯನಗಿರಿಯ ಶಿಖರವು ಸುಮಾರು 6,330 ಅಡಿ ಎತ್ತರದಲ್ಲಿದೆಯಷ್ಟೆ. ಪ್ರಯಾಣಿಕನು ಗಂಟೆಗಟ್ಟಲೆ ಅಂಥ ಶಿಖರದ ಮೇಲೆ ಕುಳಿತಂತೆ. ರಕ್ತಕ್ಕೆ ಸೇರುವ ಪ್ರಾಣವಾಯು ಸ್ವಲ್ಪ ಕಡಮೆಯಾದಾಗ, ನಿದ್ರೆಗೆಟ್ಟ ದೇಹದ ಮೇಲೆ ಮದ್ಯದ ಮಂಪರು ಸೇರಿದರೆ ವಿವೇಕವು ಬೇಗನೆ ಕದಡುತ್ತದೆ.

ಇಷ್ಟನ್ನು ಒಪ್ಪಿದರೂ ಪೂರ್ವಪಕ್ಷವು ನಿಲ್ಲುವುದಿಲ್ಲ. ಏಕೆಂದರೆ ಬುದ್ಧಿ ಕೆಟ್ಟ ಮೇಲಿನ ಕ್ಷಣ ಬೇರೆ, ಬುದ್ಧಿಯಿದ್ದಾಗಲೇ ಲೋಟವನ್ನು ಎತ್ತಿದ ಕ್ಷಣ ಬೇರೆ. ದೀಪವನ್ನು ತನ್ನ ಕೈಯಿಂದಲೇ ಆರಿಸಿದವನು ಕತ್ತಲೆಯಲ್ಲಿ ಪರರನ್ನು ತುಳಿದು, ಕತ್ತಲೆಯ ಮೇಲೆ ತಪ್ಪು ಹೊರಿಸಲಾಗದು. ದೇಶದ ದಂಡಶಾಸ್ತ್ರವೂ ಇದನ್ನೇ ಹೇಳುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 23ನೆಯ ಕಲಮಿನಂತೆ, ಒಬ್ಬನಿಗೆ ತಿಳಿಯದೆಯೋ ಅವನ ಇಚ್ಛೆಗೆ ವಿರೋಧವಾಗಿಯೋ ಅಮಲನ್ನು ಉಣ್ಣಿಸಿದ್ದರೆ ಮಾತ್ರ ಆ ಅವಸ್ಥೆಯ ಅಜ್ಞಾನಕ್ಕೆ ವಿನಾಯಿತಿಯುಂಟು. ತಾನಾಗಿ ಕುಡಿದವನಿಗೆ ಇಲ್ಲ. ಪ್ರಾಚೀನ ಗ್ರೀಸಿನಲ್ಲಿ ಪಿಟ್ಟಾಕಸನೆಂಬ ಶಾಸನಕರ್ತನು ಕುಡಿದು ಅಪರಾಧ ಮಾಡಿದವನಿಗೆ ಕುಡಿಯದವನಿಗಿಂತ ಹೆಚ್ಚು ದಂಡ ವಿಧಿಸಿದನೆಂದು ಅರಿಸ್ಟಾಟಲನು ಬರೆದಿದ್ದಾನೆ. ಶರಣರ ದೃಷ್ಟಿಯಲ್ಲಿ ಈ ಮಾತು ಇನ್ನೂ ಆಳವಾದುದು. ಅವರು ಅರಿವನ್ನು ಗುರುಸ್ಥಾನದಲ್ಲಿಟ್ಟವರು. ಅರಿವು ಇಲ್ಲದಿರುವುದು ದೌರ್ಭಾಗ್ಯ. ಇದ್ದ ಅರಿವನ್ನು ಹಣ ಕೊಟ್ಟು ಕಳೆದುಕೊಳ್ಳುವುದು ಗುರುವನ್ನು ಮನೆಯಿಂದ ಹೊರಗೆ ಕಳುಹಿಸಿದಂತೆ. ಹಾಗೆ ಕಳುಹಿಸಿದವನು “ನನಗೆ ಹೇಳುವವರು ಇರಲಿಲ್ಲ” ಎಂದರೆ ಯಾರು ನಂಬುವರು?

ಎರಡನೆಯ ಪೂರ್ವಪಕ್ಷವು “ಟಿಕೆಟ್ಟಿಗೆ ಹಣ ಕೊಟ್ಟಿದ್ದೇನೆ, ಅವರು ಕೊಟ್ಟರು, ನಾನು ಕುಡಿದೆ” ಎಂಬುದು. ಇದರಲ್ಲಿ ಒಂದಂಶ ಒಪ್ಪತಕ್ಕದ್ದೇ. ಕೊಡುವವನಿಗೂ ಧರ್ಮವುಂಟು. ಬ್ರಿಟನ್ನಿನ ವಿಮಾನ ನಿಲ್ದಾಣಗಳಲ್ಲಿ ತಪಾಸಣೆ ದಾಟಿದ ಬಳಿಕ ಒಳಗಿರುವ ಪಾನಗೃಹಗಳಿಗೆ ಊರೊಳಗಿನ ಅಂಗಡಿಗಳಿಗಿರುವ ಪರವಾನಗಿಯ ಕಟ್ಟಳೆ ಅನ್ವಯಿಸುವುದಿಲ್ಲವಾದ್ದರಿಂದ ವಿಹಾರಕ್ಕೆ ಹೊರಟವರು ನಸುಕಿನಲ್ಲಿಯೇ ಕುಡಿಯಲು ತೊಡಗುತ್ತಾರೆ. ಒಬ್ಬನಿಗೆ ಎರಡು ಲೋಟಗಳ ಮಿತಿಯನ್ನು ಹಾಕಬೇಕೆಂದು 2024ರಲ್ಲಿ ರಯನ್‌ಏರ್ ಸಂಸ್ಥೆಯ ಮುಖ್ಯಸ್ಥರೇ ಕೇಳಿಕೊಂಡರು. ಏರ್ ಇಂಡಿಯಾ ಸಂಸ್ಥೆಯೂ 2023ರ ಜನವರಿಯಲ್ಲಿ ತನ್ನ ನಿಯಮವನ್ನು ತಿದ್ದಿ, ಮಿತಿಮೀರಿದವರಿಗೆ ವಿನಯದಿಂದಲೇ ಮದ್ಯವನ್ನು ನಿರಾಕರಿಸಬೇಕೆಂದು ಪರಿಚಾರಕರಿಗೆ ಸೂಚಿಸಿತು. ಲಾಭದ ಆಸೆಯಿಂದ ಸುರಿಯುತ್ತ ಹೋಗಿ ಅನಾಹುತವಾದ ಮೇಲೆ ಕೈತೊಳೆದುಕೊಳ್ಳುವುದು ಕಾಯಕವಲ್ಲ, ಬರಿಯ ವ್ಯಾಪಾರ.

ಕಾಯಕದ ಮಾತು ಬಂದಾಗ ಹೆಂಡದ ಮಾರಯ್ಯನವರನ್ನು ನೆನೆಯಬೇಕು. ಹೆಂಡ ಮಾರುವ ವೃತ್ತಿಯಿಂದಲೇ ಹೆಸರಾದ ಈ ಶರಣರು ತಮ್ಮ ವೃತ್ತಿಯ ಮಾತುಗಳನ್ನೇ ತತ್ತ್ವದ ಸಂಕೇತಗಳಾಗಿ ಮಾಡಿಕೊಂಡು ವಚನಗಳನ್ನು ಹೇಳಿದರು. ಅಮಲೆಂಬುದು ಮಡಕೆಯಲ್ಲಿ ಮಾತ್ರ ಇರುವುದಲ್ಲ, ಮನಸ್ಸಿನಲ್ಲಿಯೂ ಹುದುಗುವುದೆಂಬ ಎಚ್ಚರವನ್ನು ಆ ಮಾರ್ಗವು ಕೊಡುತ್ತದೆ. ಕುಲಮದ, ಧನಮದ, ವಿದ್ಯಾಮದ, ರೂಪಮದ ಮೊದಲಾಗಿ ಅಷ್ಟಮದಗಳನ್ನು ಹಿರಿಯರು ಹೇಳಿದುದು ಇದಕ್ಕಾಗಿಯೇ. “ಹಣ ಕೊಟ್ಟಿದ್ದೇನೆ” ಎಂಬ ಮಾತಿನಲ್ಲಿ ಮದ್ಯಕ್ಕಿಂತ ಮೊದಲು ತಲೆಗೇರಿದುದು ಧನಮದ. ಟಿಕೆಟ್ಟಿನ ಹಣವು ಒಂದು ಆಸನವನ್ನೂ ಒಂದು ಊಟವನ್ನೂ ಕೊಳ್ಳಬಲ್ಲುದು. ಪಕ್ಕದವರ ನೆಮ್ಮದಿಯನ್ನೂ, ಟ್ರೇ ಹಿಡಿದು ನಿಂತ ಹೆಣ್ಣುಮಗಳ ಮಾನವನ್ನೂ ಕೊಳ್ಳಲಾರದು. ಸೇವೆ ಮಾಡುವವರನ್ನು ಕೀಳೆಂದು ಕಾಣುವವನಿಗೆ, ತಾನೇ ಶಿವಭಕ್ತರ ಸೇವಕನೆಂದು ತಿಳಿಯುವ ಭೃತ್ಯಾಚಾರದ ಮೊದಲಕ್ಷರವೂ ತಿಳಿದಿಲ್ಲವೆಂದೇ ಹೇಳಬೇಕು.

ಮೂರನೆಯ ಪೂರ್ವಪಕ್ಷವು “ರಜೆಯಲ್ಲಿ, ಪರವೂರಿನಲ್ಲಿ ನೋಡುವವರು ಯಾರು?” ಎಂಬುದು. ಎಲ್ಲಕ್ಕಿಂತ ಮೋಹಕವಾದುದು ಇದೇ. ಮಹಾಭಾರತದ ಮೌಸಲಪರ್ವದಲ್ಲಿ ಇದರ ಉತ್ತರವಿದೆ. ಕುಲಕ್ಕೆ ವಿನಾಶವು ಒದಗಲಿದೆಯೆಂದು ತಿಳಿದಾಗ, ನಗರದಲ್ಲಿ ಯಾರೂ ಸುರೆಯನ್ನು ಮಾಡಕೂಡದು, ಮಾಡಿದವನಿಗೆ ಶೂಲವೇ ಗತಿಯೆಂದು ದ್ವಾರಕೆಯಲ್ಲಿ ಡಂಗುರ ಹೊಡೆಸಿದರು. ಯಾದವರು ಊರಿನಲ್ಲಿರುವಷ್ಟು ದಿನ ಅದನ್ನು ಪಾಲಿಸಿದರು. ಆಮೇಲೆ ತೀರ್ಥಯಾತ್ರೆಗೆಂದು ಪ್ರಭಾಸಕ್ಕೆ ಹೊರಟಾಗ ಭಕ್ಷ್ಯಭೋಜ್ಯಗಳೊಡನೆ ಮದ್ಯವೂ ಹೊರಟಿತು. ಸಮುದ್ರತೀರದಲ್ಲಿ ಪಾನಗೋಷ್ಠಿ ನಡೆಯಿತು. ಸಾತ್ಯಕಿಗೂ ಕೃತವರ್ಮನಿಗೂ ಹಳೆಯ ಯುದ್ಧದ ಮಾತಿನಿಂದ ಹಾಸ್ಯ ಹುಟ್ಟಿತು; ಹಾಸ್ಯದಿಂದ ಜಗಳ, ಜಗಳದಿಂದ ಕೊಲೆ. ಕುರುಕ್ಷೇತ್ರದಲ್ಲಿ ಉಳಿದುಬಂದ ಶೂರರು ವಿಹಾರದ ದಂಡೆಯಲ್ಲಿ ಒಬ್ಬರನ್ನೊಬ್ಬರು ಬಡಿದು ಸತ್ತರು. ಶಾಪವು ನೆಪವಾಯಿತು, ಆದರೆ ಅದು ಫಲಿಸಿದ ಸ್ಥಳವು ಊರ ಕಟ್ಟಳೆ ಇಲ್ಲದ ಪ್ರಭಾಸವೆಂಬುದನ್ನು ಗಮನಿಸಬೇಕು. ಊರಿನ ಅಂಜಿಕೆಯಿಂದ ಕಾದುಕೊಂಡ ನಡತೆಯು ಊರಿನ ಎಲ್ಲೆಯವರೆಗೆ ಮಾತ್ರ ಬರುತ್ತದೆ.

ಲಿಂಗವಂತನಿಗಾದರೋ ಈ ಪೂರ್ವಪಕ್ಷವನ್ನು ಎತ್ತುವ ಅವಕಾಶವೇ ಇಲ್ಲ. ಗುಡಿಯ ದೇವರು ಗುಡಿಯಲ್ಲಿಯೇ ಇರುತ್ತಾನೆ. ಹರಿಹರದ ಹರಿಹರೇಶ್ವರನು ತುಂಗಭದ್ರೆಯ ದಡವನ್ನು ಬಿಟ್ಟು ಯಾರ ಜೊತೆಯಲ್ಲಿಯೂ ಪ್ರಯಾಣ ಮಾಡುವುದಿಲ್ಲ. ಇಷ್ಟಲಿಂಗವು ಹಾಗಲ್ಲ. ಅದು ಎದೆಯ ಮೇಲಿರುವುದು. ಭಕ್ತನು ನಡೆದಲ್ಲಿ ನಡೆಯುವುದು, ಮೂವತ್ತು ಸಾವಿರ ಅಡಿ ಮೇಲಕ್ಕೇರಿದರೆ ತಾನೂ ಏರುವುದು. ಕಚೇರಿಗೆ ರಜೆಯುಂಟು, ಅಂಗಡಿಗೆ ರಜೆಯುಂಟು. ಅಂಗದ ಮೇಲಿನ ಲಿಂಗಕ್ಕೆ ರಜೆಯೆಂಬುದಿಲ್ಲ. ದೇವರನ್ನು ದೇಹದ ಮೇಲೆ ಧರಿಸುವ ಈ ಪದ್ಧತಿಯ ಒಂದು ಅರ್ಥವೇ, ನೋಡುವವರಿಲ್ಲದ ಸ್ಥಳವು ಭಕ್ತನಿಗೆ ಲೋಕದಲ್ಲಿ ಎಲ್ಲಿಯೂ ಇಲ್ಲವೆಂಬುದು. ಇದು ಅಂಜಿಸುವ ಮಾತಲ್ಲ. ಸಂಗಾತಿಯೊಬ್ಬನು ಸದಾ ಜೊತೆಗಿರುವನೆಂಬ ಧೈರ್ಯದ ಮಾತು.

ಇನ್ನು ಪೀಡೆಗೊಳಗಾದವರ ಕಡೆಯಿಂದಲೂ ನೋಡಬೇಕು. ತುಂಗಭದ್ರೆಯು ಹರಿಹರವನ್ನು ದಾಟಿ ಕೆಳಗೆ ಹರಿಯುವಾಗ ಅದರ ದಡದಲ್ಲಿ ಚೌಡಯ್ಯದಾನಪುರವಿದೆ. ದೋಣಿ ನಡೆಸುವ ಕಾಯಕದಲ್ಲಿದ್ದ ನಿಷ್ಠುರವಾದಿ ಶರಣರಾದ ಅಂಬಿಗರ ಚೌಡಯ್ಯನವರ ಹೆಸರಿನೊಡನೆ ಆ ಊರು ಬೆಸೆದುಕೊಂಡಿದೆ. ದೋಣಿಯ ಧರ್ಮವು ದಡದ ಧರ್ಮಕ್ಕಿಂತ ಬಿಗಿಯಾದುದು. ದಡದಲ್ಲಿ ಒಬ್ಬನು ಕುಡಿದು ಕುಣಿದರೆ ಉಳಿದವರು ದೂರ ಹೋಗಬಹುದು. ನಡುಹೊಳೆಯಲ್ಲಿ ಕುಣಿದರೆ ಎಲ್ಲರೂ ಮುಳುಗುತ್ತಾರೆ. ವಿಮಾನವೂ ಒಂದು ದೋಣಿ. ಅಲ್ಲಿಂದ ಎದ್ದು ಹೋಗಲು ದಾರಿಯಿಲ್ಲ. ಹಸುಗೂಸಿನ ತಾಯಿ, ಮೊದಲ ಬಾರಿ ಹಾರುವ ಮುದುಕ, ಒಬ್ಬಳೇ ಹೊರಟ ಹುಡುಗಿ, ಎಲ್ಲರೂ ಗೊತ್ತಾದ ಆಸನಕ್ಕೆ ಕಟ್ಟುಬಿದ್ದವರು. ತಪ್ಪಿಸಿಕೊಳ್ಳಲಾರದವರ ಮುಂದೆ ತೋರುವ ಸ್ವೇಚ್ಛೆಯು ಸ್ವಾತಂತ್ರ್ಯವಲ್ಲ, ಹಿಂಸೆ. 1963ರ ಟೋಕಿಯೊ ಒಪ್ಪಂದವು ವಿಮಾನದ ಮುಖ್ಯ ಪೈಲಟ್ಟಿಗೆ ಅಂಥವನನ್ನು ಕಟ್ಟಿಹಾಕುವ ಮತ್ತು ಇಳಿಸುವ ಅಧಿಕಾರವನ್ನು ಕೊಟ್ಟುದು ಈ ಕಾರಣದಿಂದಲೇ. ಅಂಬಿಗನ ಮಾತೇ ದೋಣಿಯಲ್ಲಿ ಕೊನೆಯದು. ಉಳಿದವರಿಗೂ ಕರ್ತವ್ಯವುಂಟು. ಕಣ್ಣೆದುರಿನ ಅನ್ಯಾಯವನ್ನು ಸಹಿಸದಿರುವುದು ಗಣಾಚಾರ. ಇಂದಿನ ಗಣಾಚಾರವು ಕತ್ತಿ ಹಿರಿಯುವುದಲ್ಲ. ಪೀಡಿತರ ಪಕ್ಕದಲ್ಲಿ ನಿಲ್ಲುವುದು, ಪರಿಚಾರಕರಿಗೆ ತಿಳಿಸುವುದು, ವಿಚಾರಣೆಯಲ್ಲಿ ಸಾಕ್ಷಿ ನುಡಿಯಲು ಹಿಂಜರಿಯದಿರುವುದು.

ಮೇಲೆ ಹೇಳಿದ ನ್ಯೂಯಾರ್ಕ್ ವಿಮಾನದ ಪ್ರಸಂಗದಲ್ಲಿ, ಆ ವೃದ್ಧೆಯು ಬಯಸದಿದ್ದರೂ ಆ ಮನುಷ್ಯನನ್ನು ತಮ್ಮೆದುರಿಗೆ ತಂದು ಕೂರಿಸಿದರೆಂದೂ, ಅವನು ಅಳುತ್ತ ತಾನು ಸಂಸಾರಿ, ದೂರು ಕೊಡಬೇಡಿರೆಂದು ಬೇಡಿಕೊಂಡನೆಂದೂ ಅವರ ದೂರಿನಲ್ಲಿದೆ. ಗೃಹಸ್ಥರು ಈ ಒಂದು ಸಂಗತಿಯನ್ನು ಚಿಂತಿಸಬೇಕು. ಕುಡಿದವನಿಗೆ ಸಂಸಾರದ ನೆನಪು ಅಮಲು ಇಳಿದ ಮೇಲೆ ಬರುತ್ತದೆ. ಅದು ಲೋಟವನ್ನು ಎತ್ತುವ ಮೊದಲೇ ಬಂದರೆ ಅಳುವ ಪ್ರಸಂಗವೇ ಇರುವುದಿಲ್ಲ. ಅಳುವಿನಿಂದ ಕ್ಷಮೆಯನ್ನು ಕಿತ್ತುಕೊಳ್ಳುವುದೂ ಪೀಡಿತರ ಮೇಲೆ ಹೊರಿಸುವ ಎರಡನೆಯ ಹೊರೆಯೇ.

ಈ ಶಿಕ್ಷಣವು ವಿಮಾನದಲ್ಲಿ ಆರಂಭವಾಗುವುದಲ್ಲ. ಹರಿಹರದಿಂದ ದಾವಣಗೆರೆಗೆ ಹೋಗುವ ರೈಲಿನಲ್ಲಿ ಕುಡಿದು ಗಲಾಟೆ ಮಾಡುವವನಿಗೂ 1989ರ ರೈಲ್ವೆ ಕಾಯಿದೆಯ 145ನೆಯ ಕಲಮು ಆರು ತಿಂಗಳವರೆಗಿನ ಸೆರೆಯನ್ನು ಹೇಳಿದೆ. ಮದುವೆಯ ದಿಬ್ಬಣದ ಬಸ್ಸಿನಲ್ಲಿ ಬಾಟಲಿ ತೆರೆದಾಗ “ಹುಡುಗರು, ಒಂದು ದಿನದ ಮಟ್ಟಿಗೆ ಇರಲಿ” ಎಂದು ಹಿರಿಯರು ಕಣ್ಣುಮುಚ್ಚಿಕೊಂಡರೆ, ಆ ಒಂದು ದಿನವೇ ಮುಂದೆ ಆಕಾಶದವರೆಗೆ ಬೆಳೆಯುತ್ತದೆ. ಪ್ರವಾಸಕ್ಕೆ ಹೊರಡುವ ಮಗನಿಗೆ ತಾಯ್ತಂದೆಗಳು ಹಣವನ್ನೂ ಬುತ್ತಿಯನ್ನೂ ಕೊಡುವುದುಂಟು. ಇಷ್ಟಲಿಂಗ ಪೂಜೆಯನ್ನು ಹೋದಲ್ಲಿಯೂ ತಪ್ಪಿಸಬೇಡವೆಂಬ ಮಾತನ್ನೂ ಕೊಟ್ಟು ಕಳುಹಿಸಬೇಕು. ಬೆಳಗ್ಗೆ ಲಿಂಗವನ್ನು ಕರಸ್ಥಲದಲ್ಲಿಟ್ಟುಕೊಂಡು ಕುಳಿತ ಕೈಯು ಸಂಜೆ ಯಾರ ಮೇಲೆಯೂ ಏಳುವ ಮುನ್ನ ತಡೆದು ನಿಲ್ಲುತ್ತದೆ. ದಾರಿ ಎಷ್ಟು ದೂರದ್ದಾದರೂ ಭಕ್ತನೊಡನೆ ಹೊರಡುವ ಆಚಾರವೇ ಆಚಾರ. ಮನೆಯಲ್ಲಿ ಬಿಟ್ಟುಹೋಗಬಹುದಾದುದು ಬರಿಯ ವೇಷ.