ತಣ್ಣೀರಿಗೆ ಮೊದಲು ಇಳಿದವರು ಯಾರು?



ಜನವರಿಯ ಎರಡನೆಯ ಶನಿವಾರ ನಮ್ಮ ಧರ್ಮಕೇಂದ್ರದ ಧರ್ಮೋಪದೇಶ ತರಗತಿಯ ಮಕ್ಕಳನ್ನು ಬಿಡದಿ ಬಳಿಯ ವಂಡರ್‌ಲಾಗೆ ಕರೆದುಕೊಂಡು ಹೋಗಿದ್ದೆವು. ಮಕ್ಕಳೇ ಆರಿಸಿಕೊಂಡ ಜಾಗ ಅದು. ಹೊರಡುವ ಮುನ್ನ ಹಿರಿಯರೊಬ್ಬರು, "ಫಾದರ್, ಇಂಥ ಚಳಿಯಲ್ಲಿ ನೀರಾಟವೆ? ಅದರ ಬದಲು ದೋರನಹಳ್ಳಿಯ ಸಂತ ಅಂತೋಣಿಯವರ ಪುಣ್ಯಕ್ಷೇತ್ರಕ್ಕೆ ಹೋಗಬಾರದೆ?" ಎಂದು ಕೇಳಿದರು. ಅವರ ಪ್ರಶ್ನೆಯಲ್ಲಿ ಕಾಳಜಿಯಿತ್ತು. ನನ್ನ ಬಳಿ ಉತ್ತರವೂ ಇತ್ತು. ಸಂತ ತೋಮಸ್ ಅಕ್ವಿನಾಸರು ತಮ್ಮ ದೈವಶಾಸ್ತ್ರದ ಮಹಾಗ್ರಂಥದಲ್ಲಿ ಆಟವಿನೋದದ ವಿಚಾರವನ್ನೂ ಚರ್ಚಿಸಿದ್ದಾರೆ. ದಣಿದ ದೇಹಕ್ಕೆ ವಿಶ್ರಾಂತಿ ಬೇಕಾದಂತೆ ದಣಿದ ಮನಸ್ಸಿಗೆ ವಿನೋದ ಬೇಕು ಎನ್ನುವುದು ಅವರ ವಾದ. ಸದಾ ಎಳೆದು ಹಿಡಿದ ಬಿಲ್ಲು ಮುರಿದೀತು ಎಂಬ ಹಳೆಯ ಕಥೆಯೊಂದನ್ನು ಅವರು ಶುಭಸಂದೇಶಕಾರ ಸಂತ ಯೊವಾನ್ನರ ಹೆಸರಿನಲ್ಲಿ ನೆನೆಯುತ್ತಾರೆ. ಆಟದಲ್ಲಿ ಮಿತಿಮೀರುವುದು ತಪ್ಪು. ತಾನೂ ನಗದೆ, ನಗುವವರಿಗೂ ಅಡ್ಡಿಯಾಗುವುದು ಕೂಡ ತಪ್ಪು. ಇಷ್ಟೆಲ್ಲ ಹೇಳಿ ಹಿರಿಯರನ್ನು ಒಪ್ಪಿಸಿದೆ. ಆದರೆ ಅಂದು ನಾನು ಕಲಿತ ಪಾಠ ಬೇರೆಯೇ ಆಗಿತ್ತು.

ಬಸ್ಸು ಮದ್ದೂರು ದಾಟುವಾಗಲೂ ಮಂಜು ಕರಗಿರಲಿಲ್ಲ. ರಾಮನಗರದ ಬಂಡೆಗಳು ಅರ್ಧ ಮಾತ್ರ ಕಾಣುತ್ತಿದ್ದವು. ಆ ಕಡೆ ಜನವರಿಯ ಮುಂಜಾನೆ 15 ಡಿಗ್ರಿಯ ಆಸುಪಾಸಿನ ಚಳಿ ಇರುತ್ತದೆ. ಬಿಸಿಲೇರುವವರೆಗೆ ಒಣ ಆಟಗಳು, ಮಧ್ಯಾಹ್ನದ ನಂತರ ನೀರಾಟ ಎಂದು ತೀರ್ಮಾನಿಸಿದೆವು. ಚಳಿಗಾಲದಲ್ಲಿ ಮಕ್ಕಳನ್ನು ಕರೆದೊಯ್ಯುವವರು ಇದನ್ನು ನೆನಪಿಡುವುದು ಒಳ್ಳೆಯದು. ಒದ್ದೆ ಮೈಯ ನೀರು ಆವಿಯಾಗುವಾಗ ಮೈಯ ಬಿಸಿಯನ್ನೇ ಎಳೆದೊಯ್ಯುತ್ತದೆ. ಗಾಳಿ ಬೀಸಿದರೆ ಇನ್ನೂ ಬೇಗ. ಆದ್ದರಿಂದಲೇ ನೀರಿನೊಳಗೆ ಆಡುವವರಿಗಿಂತ ನೆನೆದು ಹೊರಗೆ ನಿಂತವರು ಹೆಚ್ಚು ನಡುಗುವುದು. ಪ್ರತಿ ಮಗುವಿಗೂ ಒಂದು ಒಣ ಟವೆಲ್ಲು, ಒಂದು ಜೊತೆ ಬಟ್ಟೆ ಇರಲೇಬೇಕು.

ಮಧ್ಯಾಹ್ನ ಅಲೆಗಳ ಕೊಳದ ಬಳಿ ಮಕ್ಕಳೆಲ್ಲ ಕೂಗುತ್ತಾ ನೀರಿಗೆ ಧುಮುಕಿದರು. ಒಬ್ಬ ಹುಡುಗ ಮಾತ್ರ ದಡದಲ್ಲೇ ಉಳಿದ. ಹತ್ತು ವರ್ಷದ ಹುಡುಗ. ಹಿಂದಿನ ವರ್ಷ ತಾಯಿಯನ್ನು ಕಳೆದುಕೊಂಡಿದ್ದ. ಅವನ ತಂದೆಯೂ ಬಂದಿದ್ದರು, ಆಟೋ ಓಡಿಸುವವರು. ಪತ್ನಿ ತೀರಿಕೊಂಡ ಮೇಲೆ ಅವರು ಬಲಿಪೂಜೆಗೆ ಬರುವುದನ್ನೇ ನಿಲ್ಲಿಸಿದ್ದರು. ಮಕ್ಕಳನ್ನು ನೋಡಿಕೊಳ್ಳಲು ದೊಡ್ಡವರು ಸಾಲದು ಎಂದು ಉಪದೇಶಿ ಟೀಚರ್ ಕೇಳಿಕೊಂಡದ್ದಕ್ಕೆ ಬಂದಿದ್ದರು. ಬೆಳಗಿನಿಂದಲೂ ಕಲ್ಲುಬೆಂಚಿನ ಮೇಲೆ ಎಲ್ಲರ ಚೀಲಗಳನ್ನು ಕಾಯುತ್ತಾ ಮೌನವಾಗಿ ಕುಳಿತಿದ್ದರು.

ನಾನು ಹುಡುಗನ ಬಳಿಗೆ ಹೋಗಿ, "ಇಳಿಯೋ, ಏನೂ ಆಗಲ್ಲ. ಒಂದು ಸಲ ಮುಳುಗಿದರೆ ಚಳಿ ಹೋಗುತ್ತೆ" ಎಂದೆ. ಅವನು ತಲೆಯೆತ್ತಿ ನನ್ನನ್ನೇ ನೋಡಿದ. ನನ್ನ ಮೈಮೇಲೆ ದಪ್ಪ ಉಣ್ಣೆಯ ಸ್ವೆಟರ್, ಕತ್ತಿಗೆ ಮಫ್ಲರ್. "ನೀವೂ ಬರ್ತೀರಾ ಫಾದರ್?" ಎಂದು ಕೇಳಿದ.

ನನಗೆ ಮಾತು ಹೊರಡಲಿಲ್ಲ. ನೆಗಡಿಯ ನೆಪ ಹೇಳಿದೆ. ಬೆಂಚಿನ ಮೇಲಿದ್ದ ತಂದೆ ಇದನ್ನು ಕೇಳಿಸಿಕೊಂಡಿರಬೇಕು. ಎದ್ದು ಹೋದರು. ಸ್ವಲ್ಪ ಹೊತ್ತಿಗೆ ನೀರಾಟದ ನೈಲಾನ್ ಬಟ್ಟೆ ತೊಟ್ಟು, ಎರಡು ಕೈಗಳನ್ನೂ ಎದೆಗೆ ಕಟ್ಟಿಕೊಂಡು, ನಡುಗುತ್ತಾ ಬಂದರು. ನಮ್ಮಿಬ್ಬರನ್ನೂ ದಾಟಿ ಮೊಣಕಾಲುದ್ದ ನೀರಿಗೆ ಇಳಿದರು. ಅಲೆ ಬಂದು ಎದೆಗೆ ಬಡಿದಾಗ ಅವರ ಬಾಯಿಂದ "ಅಯ್ಯಪ್ಪಾ!" ಎಂಬ ಉದ್ಗಾರ ಬಂತು. ಹುಡುಗ ನಕ್ಕುಬಿಟ್ಟ. ತಂದೆ ಹಿಂದಿರುಗಿ ನೋಡಿ, "ಬಾರೋ ಮಗ, ನಾನಿದ್ದೀನಲ್ಲ" ಎಂದು ಕೈ ಚಾಚಿದರು. ಹುಡುಗ ಇಳಿದ. ಆ ದಿನ ಉಳಿದ ಹೊತ್ತೆಲ್ಲ ಚೀಲಗಳನ್ನು ಕಾದವನು ನಾನು.

ಪ್ರಿಯರೇ, ಮರುದಿನ ಪ್ರಭುವಿನ ಸ್ನಾನದೀಕ್ಷೆಯ ಹಬ್ಬ. ಪ್ರಬೋಧನೆಯನ್ನು ಎರಡು ದಿನ ಮೊದಲೇ ಬರೆದಿಟ್ಟಿದ್ದೆ. ಆ ರಾತ್ರಿ ಅದನ್ನು ತೆಗೆದು ಓದಿದಾಗ, ಸ್ವೆಟರ್ ಹಾಕಿಕೊಂಡು ದಡದಲ್ಲಿ ನಿಂತವನು ಬರೆದಂತೆ ಕಂಡಿತು. ಜೋರ್ಡನ್ ನದಿಯ ದಡದಲ್ಲಿ ನಡೆದದ್ದೇನು? ಪಾಪಿಗಳು ಸಾಲುಗಟ್ಟಿ ನಿಂತಿದ್ದರು. ಪಾಪವಿಲ್ಲದ ಯೇಸುವೂ ಬಂದು ಅದೇ ಸಾಲಿನಲ್ಲಿ ಸೇರಿಕೊಂಡರು. ವಂಡರ್‌ಲಾದಲ್ಲಿ ಹೆಚ್ಚು ಹಣ ಕೊಟ್ಟವರಿಗೆ ಫಾಸ್ಟ್‌ಟ್ರ್ಯಾಕ್ ಟಿಕೆಟ್ ಸಿಗುತ್ತದೆ. ಉದ್ದನೆಯ ಸಾಲಿನಲ್ಲಿ ಕಾಯಬೇಕಾಗಿಲ್ಲ. ದೇವಪುತ್ರರಿಗೆ ಅಂಥ ಅನುಕೂಲಕ್ಕೇನು ಕೊರತೆ? ಸ್ನಾನಿಕ ಯೊವಾನ್ನರೇ ತಡೆದರು. ಆದರೂ ಪ್ರಭು ಎಲ್ಲರಂತೆ ನೀರಿಗಿಳಿದರು. ಅದೂ ಎಂಥ ನದಿಗೆ! ಜೋರ್ಡನ್ ಹರಿದು ಸೇರುವ ಮೃತಸಮುದ್ರದ ದಡ ಸಮುದ್ರಮಟ್ಟಕ್ಕಿಂತ 400 ಮೀಟರಿಗೂ ಹೆಚ್ಚು ಕೆಳಗಿದೆ. ನೆಲದ ಮೇಲೆ ಅದಕ್ಕಿಂತ ತಗ್ಗಾದ ದಡ ಇನ್ನೊಂದಿಲ್ಲ. ದೇವರು ಮೇಲೆ ನಿಂತು "ಇಳಿ, ಏನೂ ಆಗಲ್ಲ" ಎನ್ನಲಿಲ್ಲ. ತಾವೇ ಇಳಿದು ನಮ್ಮತ್ತ ಕೈ ಚಾಚಿದರು. ಕ್ರಿಸ್ತಜಯಂತಿಯಲ್ಲಿ ಗೋದಲಿಯ ಚಳಿಗೆ ಬಂದವರು, ಜೋರ್ಡನ್ನಿನಲ್ಲಿ ನಮ್ಮ ಸಾಲಿಗೂ ಬಂದರು.

ಆ ಉದ್ಯಾನವನ್ನು ಕಟ್ಟಿದವರ ಬದುಕಿನಲ್ಲೂ ಇಂಥದೊಂದು ಇಳಿಯುವಿಕೆ ಇದೆ. ಕೇರಳದ ಉದ್ಯಮಿ ಕೊಚೌಸೇಫ್ ಚಿಟ್ಟಿಲಪ್ಪಿಳ್ಳಿಯವರು 2000ದಲ್ಲಿ ಕೊಚ್ಚಿಯಲ್ಲಿ ಮೊದಲ ಉದ್ಯಾನ ತೆರೆದರು. ಬಿಡದಿಯ ಉದ್ಯಾನ ಆರಂಭವಾದದ್ದು 2005ರಲ್ಲಿ. ತ್ರಿಶೂರಿನ ಗುರುಗಳಾದ ಫಾದರ್ ಡೇವಿಸ್ ಚಿರಮೇಲ್ 2009ರಲ್ಲಿ ರಕ್ತಸಂಬಂಧಿಯಲ್ಲದ ಹಿಂದೂ ಸಹೋದರರೊಬ್ಬರಿಗೆ ತಮ್ಮ ಒಂದು ಮೂತ್ರಪಿಂಡವನ್ನು ದಾನ ಮಾಡಿದ್ದರು. 2011ರಲ್ಲಿ ಚಿಟ್ಟಿಲಪ್ಪಿಳ್ಳಿಯವರೂ ಪರಿಚಯವಿಲ್ಲದ ಲಾರಿ ಚಾಲಕರೊಬ್ಬರಿಗೆ ತಮ್ಮ ಮೂತ್ರಪಿಂಡ ಕೊಟ್ಟರು. ಅವರು ಚೆಕ್ ಬರೆದುಕೊಟ್ಟು ಸುಮ್ಮನಿರಬಹುದಾಗಿತ್ತು, ಯಾರೂ ತಪ್ಪೆನ್ನುತ್ತಿರಲಿಲ್ಲ. ದಡದಲ್ಲಿ ನಿಂತು ಕೊಡುವ ದಾನವೂ ಒಳ್ಳೆಯದೇ. ಆದರೆ ತಾನೇ ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ ಮಲಗುವುದು ನೀರಿಗಿಳಿದಂತೆ.

ನಮ್ಮ ಕುಟುಂಬಗಳತ್ತ ನೋಡೋಣ. "ಜಪಸರ ಮಾಡು" ಎನ್ನುತ್ತೇವೆ, ಟಿ.ವಿ. ಮುಂದಿನಿಂದ ಏಳುವುದಿಲ್ಲ. "ಮೊಬೈಲ್ ಕೆಳಗಿಡು" ಎನ್ನುತ್ತೇವೆ, ನಮ್ಮ ಕೈಯಲ್ಲಿರುವುದನ್ನು ಇಡುವುದಿಲ್ಲ. "ತಮ್ಮನೊಡನೆ ರಾಜಿಯಾಗು" ಎಂದು ಮಕ್ಕಳಿಗೆ ಹೇಳುತ್ತೇವೆ, ನಮ್ಮ ಅಣ್ಣತಮ್ಮಂದಿರ ಮನೆಯ ಹೊಸಿಲು ತುಳಿದು ವರ್ಷಗಳಾಗಿರುತ್ತವೆ. ಮಾತು ಸರಿಯೇ. ಆದರೆ ಮಕ್ಕಳು ನಮ್ಮ ಸ್ವೆಟರನ್ನು ನೋಡುತ್ತಾರೆ.

ಆ ತಂದೆ ಭಾನುವಾರ ಬಲಿಪೂಜೆಗೆ ಬಂದರೇ ಎಂದು ನೀವು ಕೇಳಬಹುದು. ಬರಲಿಲ್ಲ. ಹುಡುಗ ಒಬ್ಬನೇ ಮೂಗು ಒರೆಸಿಕೊಳ್ಳುತ್ತಾ ಬಂದಿದ್ದ. ಎಂದಿನಂತೆ, "ನಿಮ್ಮಪ್ಪನಿಗೆ ಪೂಜೆಗೆ ಬರಲು ಹೇಳು" ಎನ್ನಲು ಬಾಯಿ ತೆರೆದೆ. ಅಲ್ಲಿಗೇ ನಿಲ್ಲಿಸಿದೆ. ಒಂದು ವರ್ಷದಿಂದ ಹುಡುಗನ ಮೂಲಕ ಇದೇ ಮಾತನ್ನು ಹೇಳಿ ಕಳುಹಿಸುತ್ತಿದ್ದೆ. ಅವನ ತಾಯಿಯ ನಲವತ್ತನೆಯ ದಿನದ ಪ್ರಾರ್ಥನೆ ಮುಗಿದ ಮೇಲೆ ಆ ಮನೆಗೆ ನಾನು ಒಮ್ಮೆಯೂ ಹೋಗಿರಲಿಲ್ಲ.

ಅಂದು ಸಂಜೆ ಹೋದೆ. ಬಾಗಿಲು ತಟ್ಟುವ ಮುನ್ನ ಕಾಲು ಹಿಂಜರಿದದ್ದು ನಿಜ. ಅವರು ಒಳಗೆ ಕರೆದು ಟೀ ಮಾಡಿಕೊಟ್ಟರು. ಗೋಡೆಯ ಮೇಲಿದ್ದ ಪತ್ನಿಯ ಫೋಟೋ ನೋಡುತ್ತಾ, ಆಸ್ಪತ್ರೆಯ ಕೊನೆಯ ದಿನಗಳ ಬಗ್ಗೆ ಮೊದಲ ಬಾರಿಗೆ ಮಾತನಾಡಿದರು. ದೇವರ ಮೇಲಿನ ಕೋಪವನ್ನೂ ಹೇಳಿಕೊಂಡರು. ನಾನು ಉತ್ತರ ಕೊಡಲಿಲ್ಲ, ಪೂಜೆಯ ಮಾತನ್ನೂ ಎತ್ತಲಿಲ್ಲ. ಹೊರಡುವಾಗ, "ಮತ್ತೆ ಬನ್ನಿ ಫಾದರ್" ಎಂದರು. ಮುಂದಿನ ವಾರವೂ ಹೋಗುತ್ತೇನೆ.

ನಿಮ್ಮ ಮನೆಯಲ್ಲಿ, ನಿಮ್ಮ ಬೀದಿಯಲ್ಲಿ ದಡದಲ್ಲೇ ನಿಂತು ನಡುಗುತ್ತಿರುವವರು ಯಾರು? ಈ ವಾರ ಅವರಿಗೆ ಉಪದೇಶ ಮಾಡಬೇಡಿ. ಸ್ವೆಟರ್ ಕಳಚಿಟ್ಟು ನೀವೇ ಮೊದಲು ಇಳಿಯಿರಿ. ಜೋರ್ಡನ್ ನದಿಗೆ ಇಳಿದ ಪ್ರಭು ನಮ್ಮೆಲ್ಲರ ಕೈ ಹಿಡಿಯಲಿ.